ತೇವದ ಗೋಡೆಯ ಮೇಲಿನ ಬಣ್ಣ

ಹಳೆಯ ಮನೆ ಕೊಂಡು, ದುರಸ್ತಿ ಮಾಡಿ, ಕೆಲವೇ ತಿಂಗಳಲ್ಲಿ ಹೆಚ್ಚಿನ ಬೆಲೆಗೆ ಮಾರುವ ವ್ಯಾಪಾರಕ್ಕೆ ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ನಮ್ಮ ಯುವಕರೂ ಇಳಿದಿದ್ದಾರೆ. 1949ರಲ್ಲಿ ಶಂಕುಸ್ಥಾಪನೆಯಾದ ರಾಜಾಜಿನಗರದಲ್ಲೂ ನಂತರ ಬೆಳೆದ ವಿಜಯನಗರ, ಬಸವೇಶ್ವರನಗರಗಳಲ್ಲೂ ಮೊದಲ ತಲೆಮಾರಿನ ಮನೆಗಳು ಕೈ ಬದಲಾಯಿಸುತ್ತಿವೆ. 2021ರ ಆಗಸ್ಟ್‌ನಲ್ಲಿ ಮೆಟ್ರೋ ಕೆಂಗೇರಿ ತಲುಪಿದ ಮೇಲೆ ದಲ್ಲಾಳಿಗಳ ಕಣ್ಣು ಅತ್ತಲೂ ಬಿದ್ದಿದೆ. ಇಷ್ಟು ಬೇಗ ಬರುವ ಲಾಭ ಹಲಾಲ್ ಆದೀತೇ ಎಂಬುದು ಹಿರಿಯರ ಶಂಕೆ.

ಲಾಭದ ಬಗ್ಗೆ ಶಂಕೆ ಬೇಕಿಲ್ಲ. ಪ್ರವಾದಿವರ್ಯರು(ಸ) ಒಂದು ಕುರಿ ತರಲು ಉರ್ವಾ ಅಲ್‌ಬಾರಿಕಿ(ರ)ಯವರಿಗೆ ಒಂದು ದೀನಾರ್ ಕೊಟ್ಟರು. ಅವರು ಅದರಲ್ಲಿ ಎರಡು ಕುರಿ ಕೊಂಡು, ಒಂದನ್ನು ಒಂದು ದೀನಾರಿಗೆ ಮಾರಿ, ಕುರಿಯನ್ನೂ ದೀನಾರನ್ನೂ ತಂದೊಪ್ಪಿಸಿದರು. ಪ್ರವಾದಿವರ್ಯರು(ಸ) ಆಕ್ಷೇಪಿಸಲಿಲ್ಲ, ಅವರ ವ್ಯಾಪಾರದಲ್ಲಿ ಬರಕತ್ತಿಗಾಗಿ ಪ್ರಾರ್ಥಿಸಿದರು. ಬುಖಾರಿಯಲ್ಲಿರುವ ಈ ಘಟನೆಯಲ್ಲಿ ಲಾಭ ಇಮ್ಮಡಿ, ಅದೂ ಅಂದೇ.

ಹಾಗಾದರೆ ಪ್ರಶ್ನೆ ಎಲ್ಲಿದೆ? ಮಾರುಕಟ್ಟೆ ಮಂದವಾದಾಗ ಅದು ಎದ್ದು ಕಾಣುತ್ತದೆ. 2016ರ ನೋಟು ರದ್ದತಿಯ ನಂತರವೂ 2020ರ ಲಾಕ್‌ಡೌನಿನಲ್ಲೂ ಮನೆ ಹಿಡಿದು ಕುಳಿತವರಿಗೆ ಇದು ಗೊತ್ತು. 80 ಲಕ್ಷದ ಮನೆ ಕೊಂಡರೆ ಶೇ. 5ರ ಮುದ್ರಾಂಕ ಶುಲ್ಕ, 2025ರ ಆಗಸ್ಟ್ 31ರಿಂದ ಇಮ್ಮಡಿಯಾದ ಶೇ. 2ರ ನೋಂದಣಿ ಶುಲ್ಕ ಸೇರಿ 5 ಲಕ್ಷ 60 ಸಾವಿರ ಮೊದಲೇ ಹೋಯಿತು. ಸೆಸ್, ಸರ್ಚಾರ್ಜ್ ಬೇರೆ. ಗಾರೆ, ಕೊಳಾಯಿ, ವೈರಿಂಗ್ ಖರ್ಚು ಅದರ ಮೇಲೆ. ಬ್ಯಾಂಕಿನ ಬಡ್ಡಿ ಸಾಲ ತಂದಿದ್ದರಂತೂ ತಿಂಗಳು ತಿಂಗಳೂ ಮನೆಯೇ ಮಾಲಿಕನನ್ನು ತಿನ್ನತೊಡಗುತ್ತದೆ. ಬಡ್ಡಿ ನಿಷಿದ್ಧವೆಂಬುದು ನಮ್ಮ ಮಕ್ಕಳಿಗೂ ಗೊತ್ತು. ಆದರೆ ಅದು ಮನುಷ್ಯನನ್ನು ಹೇಗೆ ಆತುರಕ್ಕೂ ಆ ಮೂಲಕ ಸುಳ್ಳಿಗೂ ದೂಡುತ್ತದೆ ಎಂಬುದನ್ನು ಇಲ್ಲಿಯಷ್ಟು ಸ್ಪಷ್ಟವಾಗಿ ಬೇರೆಡೆ ಕಾಣುವುದು ಕಷ್ಟ.

ಹದೀಸಿನ ಒಂದು ಸೂತ್ರವಿದೆ: ಹೊಣೆ ಹೊತ್ತವನಿಗೇ ಆದಾಯ. ನಷ್ಟವಾಗಿದ್ದರೆ ತಾನೇ ಭರಿಸುತ್ತಿದ್ದವನಿಗೆ ಲಾಭದ ಹಕ್ಕು. ಮಂದ ಮಾರುಕಟ್ಟೆಯ ದೊಡ್ಡ ಪ್ರಲೋಭನೆಯೆಂದರೆ ಲಾಭ ತನಗಿಟ್ಟುಕೊಂಡು ಹೊಣೆಯನ್ನು ಇನ್ನೊಬ್ಬರ ತಲೆಗೆ ಕಟ್ಟುವುದು.

ಮುಂಗಡ ಮಾತ್ರ ಕೊಟ್ಟು, ಕ್ರಯದ ಕರಾರುಪತ್ರ ಹಿಡಿದು, ನೋಂದಣಿಗೆ ಮೊದಲೇ ಮೂರನೆಯವನಿಗೆ ಮಾರುವುದನ್ನೇ ನೋಡಿ. ಸ್ಥಿರಾಸ್ತಿಯನ್ನು ಸ್ವಾಧೀನಕ್ಕೆ ಮೊದಲು ಮಾರಲು ಇಮಾಮ್ ಅಬೂ ಹನೀಫಾ(ರ) ಅನುಮತಿಸಿದ್ದಾರೆ, ಶಾಫಿಈ ಪಂಥ ಒಪ್ಪುವುದಿಲ್ಲ. ಆದರೆ ಆ ಅನುಮತಿ ಖರೀದಿ ಮುಗಿದ ಆಸ್ತಿಗೆ. ನಮ್ಮ ದೇಶದ 1882ರ ಆಸ್ತಿ ವರ್ಗಾವಣೆ ಕಾಯಿದೆಯ 54ನೇ ಕಲಮಿನ ಪ್ರಕಾರ ಕರಾರುಪತ್ರವೊಂದರಿಂದಲೇ ಆಸ್ತಿಯಲ್ಲಿ ಹಕ್ಕು ಹುಟ್ಟುವುದಿಲ್ಲ. ಗಿರಾಕಿ ಸಿಗದಿದ್ದರೆ ಕೈಬಿಟ್ಟು ಹೋಗುವ ಇಂಥವನಿಗಾಗಿ ಕಾದ ಮಾಲಿಕನ ಮಗಳ ಮದುವೆಯೋ ಆಸ್ಪತ್ರೆಯ ಖರ್ಚೋ ನಿಂತುಹೋಗುತ್ತದೆ.

ಮಂದಗತಿಯಲ್ಲಿ ಮಾರುವವರು ಹೆಚ್ಚಾಗಿ ಕಾಯಲಾರದವರು. ಜರೀರ್ ಬಿನ್ ಅಬ್ದುಲ್ಲಾಹ್(ರ) ಕುದುರೆ ಕೊಳ್ಳುವಾಗ ಮಾರುವವನು ಕೇಳಿದ ಬೆಲೆ ಕಡಿಮೆಯೆಂದು ತಾವೇ ಹೆಚ್ಚಿಸಿದರೆಂದು ವರದಿಯಾಗಿದೆ. ಎಲ್ಲರೂ ಜರೀರ್ ಆಗಬೇಕೆಂಬ ಕಡ್ಡಾಯವಿಲ್ಲ, ಚೌಕಾಸಿಗೆ ಅವಕಾಶವಿದೆ. ಆದರೆ "ಖಾತೆಯಲ್ಲಿ ತೊಡಕಿದೆ, ಇನ್ನು ಯಾರೂ ಕೊಳ್ಳುವುದಿಲ್ಲ" ಎಂದು ಇಲ್ಲದ ಭಯ ಹುಟ್ಟಿಸಿ ಬೆಲೆ ಇಳಿಸುವುದು ಚೌಕಾಸಿಯಲ್ಲ.

ಮಾರುವಾಗಲಂತೂ ಪರೀಕ್ಷೆ ಗೋಡೆಯ ಮೇಲೆಯೇ ಇದೆ. ಮದೀನಾದ ಮಾರುಕಟ್ಟೆಯಲ್ಲಿ ಪ್ರವಾದಿವರ್ಯರು(ಸ) ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಗಲಿತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಜನರಿಗೆ ಕಾಣುವಂತೆ ಅದನ್ನು ಮೇಲೆ ಏಕೆ ಇಡಲಿಲ್ಲವೆಂದು ಅವರು ಕೇಳಿದರು, ವಂಚಿಸುವವನು ತನ್ನವನಲ್ಲವೆಂದರು. ಮಳೆ ಆ ವ್ಯಾಪಾರಿಯ ತಪ್ಪಲ್ಲ, ಮುಚ್ಚಿದ್ದು ತಪ್ಪು. ಸೋರುವ ತಾರಸಿಯ ಕೆಳಗೆ ಪುಟ್ಟಿ ಮೆತ್ತಿ, ಬಣ್ಣ ಹೊಡೆದು, ಬೇಸಿಗೆಯಲ್ಲೇ ಮನೆ ತೋರಿಸುವ ಜಾಣ್ಮೆ ಇದೇ ರಾಶಿಯದು. ಖಾತೆ 'ಎ' ಯೋ 'ಬಿ' ಯೋ, ಸಹೋದರಿಯರ ಪಾಲಿನ ವಿವಾದ ಉಂಟೋ ಎಂಬುದೂ ಒಂದು ತೇವವೇ. ಅದನ್ನು ಮೊದಲೇ ಹೇಳಿದರೆ ಎರಡು ಮೂರು ಲಕ್ಷ ಕಡಿಮೆಯಾದೀತು, ಇನ್ನೂ ಆರು ತಿಂಗಳು ಕಾಯಬೇಕಾದೀತು. ಆ ನಷ್ಟ ಕೊಂಡವನದಲ್ಲ, ಮಾರುವವನದು.

ಹೊಣೆ ಮಾಲಿಕನಲ್ಲಿಗೇ ನಿಲ್ಲುವುದೂ ಇಲ್ಲ. ಒಂಟೆ ಕೊಂಡು ಹೊರಟವನ ಹಿಂದೆ ಹೋಗಿ ಅದರ ಪಾದದ ದೋಷ ತಿಳಿಸಿದವರು ವಾಸಿಲಾ(ರ). ಅವರು ಮಾರಿದವರಲ್ಲ, ಅಲ್ಲಿ ನಿಂತಿದ್ದವರಷ್ಟೆ. ನನ್ನ ವ್ಯಾಪಾರ ಕೆಡಿಸಿದೆ ಎಂದು ಮಾರಿದವನು ಕೋಪಿಸಿಕೊಂಡ. ತಾರಸಿಗೆ ತೇಪೆ ಹಚ್ಚಿದ ಮೇಸ್ತ್ರಿಗೂ ಕಮಿಷನ್ ಪಡೆಯುವ ದಲ್ಲಾಳಿಗೂ ಪಕ್ಕದ ಮನೆಯವರಿಗೂ ಗೋಡೆಯ ಸಂಗತಿ ಗೊತ್ತಿರುತ್ತದೆ.