ದುರ್ಗದ ಓದುಗರು ಕಾಯುತ್ತಿದ್ದಾರೆ

ಯುದ್ಧದ ಕಾದಂಬರಿಗೆ ಮನಸೋತ ಓದುಗರು ಬಲು ಕಟ್ಟುನಿಟ್ಟಿನವರು. ಸಂಸಾರದ ಕಥೆಯಲ್ಲಿ ನಾಯಕಿ ಎಷ್ಟು ಗಂಟೆಯ ಬಸ್ಸು ಹತ್ತಿದಳು ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಯುದ್ಧದ ಕಥೆಯಾದರೆ ಸುಮ್ಮನೆ ಬಿಡುವುದಿಲ್ಲ. ಫಿರಂಗಿ ಎಲ್ಲಿ ನಿಂತಿತ್ತು, ಅಲ್ಲಿಂದ ಹಾರಿದ ಗುಂಡು ಕೋಟೆಗೆ ಮುಟ್ಟೀತೇ, ಒಂದೇ ರಾತ್ರಿಯಲ್ಲಿ ದಂಡು ಅಷ್ಟು ದೂರ ನಡೆದೀತೇ ಎಂದು ಕೇಳಿಯೇ ಕೇಳುತ್ತಾರೆ.

ಅಮೆರಿಕದಲ್ಲಿ ಡೇವಿಡ್ ವೆಬರ್ ಎಂಬ ಕಾದಂಬರಿಕಾರರಿದ್ದಾರೆ. ಮುಂದೆಂದೋ ನಕ್ಷತ್ರಗಳ ನಡುವೆ ನಡೆಯುವ ನೌಕಾಯುದ್ಧಗಳು ಅವರ ವಸ್ತು, ಆನರ್ ಹ್ಯಾರಿಂಗ್ಟನ್ ಎಂಬ ನೌಕಾಧಿಕಾರಿಣಿ ಅವರ ನಾಯಕಿ. ಆ ಮಾಲೆಯ ಹೊಸ ಪುಸ್ತಕಕ್ಕಾಗಿ ಓದುಗರು ಹಬ್ಬಕ್ಕೆ ಕಾದಂತೆ ಕಾಯುತ್ತಾರೆ. ಕಾಯುವುದಷ್ಟೇ ಆಗಿದ್ದರೆ ಇಲ್ಲಿ ಬರೆಯಬೇಕಿರಲಿಲ್ಲ. ವೆಬರ್ ತಮ್ಮ ಹಡಗುಗಳಿಗೆ ಕೊಟ್ಟಿದ್ದ ಉದ್ದ, ಅಗಲ, ತೂಕಗಳನ್ನು ಓದುಗರು ಕೂತು ಲೆಕ್ಕ ಹಾಕಿದರು. ಈ ಗಾತ್ರಕ್ಕೆ ಈ ತೂಕವಾದರೆ ಹಡಗು ಹೊಗೆಯಷ್ಟು ಹಗುರವಾಗುತ್ತದೆ ಎಂದು ತೋರಿಸಿಕೊಟ್ಟರು. ಮುಂದೆ ಆ ಅಳತೆಗಳೆಲ್ಲ ತಿದ್ದಿಸಿಕೊಂಡವು. ಒಬ್ಬ ಲೇಖಕನ ಮೇಲೆ ಓದುಗರಿಗೆ ಇರಬಹುದಾದ ಪ್ರೀತಿಯಲ್ಲಿ ಇದು ಬಹಳ ಎತ್ತರದ್ದು ಎಂದೇ ನನ್ನ ಎಣಿಕೆ. ಪುಸ್ತಕವನ್ನು ನಿಜವೆಂದು ನಂಬಿದವರು ಮಾತ್ರ ಅದರ ಲೆಕ್ಕ ಕೇಳುತ್ತಾರೆ.

ಇಂಥ ಓದುಗರು ನಮ್ಮಲ್ಲಿ ಇದ್ದಾರೆಯೇ ಎಂದರೆ, ಇದ್ದಾರೆ, ಚಿತ್ರದುರ್ಗದಲ್ಲಿ. ಅವರ ಕಾದಂಬರಿಕಾರ ತರಾಸು. ಅವರ ಯುದ್ಧ ಮುಂದಿನದಲ್ಲ, ಹಿಂದಿನದು. ಓದುಗರ ಹುರುಪು ಮಾತ್ರ ಅದೇ.

ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್ ಹುಟ್ಟಿದ್ದು 1920ರಲ್ಲಿ, ಮಲೇಬೆನ್ನೂರಿನಲ್ಲಿ. ಹೆಸರಿನಲ್ಲಿರುವ ತಳುಕು ಚಳ್ಳಕೆರೆ ತಾಲ್ಲೂಕಿನ ಊರು. ಪ್ರೊಫೆಸರ್ ಟಿ.ಎಸ್. ವೆಂಕಣ್ಣಯ್ಯನವರ ಮನೆತನ. ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲು ಕಂಡರು, ಪತ್ರಿಕೆಗಳಲ್ಲಿ ದುಡಿದರು, ಅನಕೃ ಜೊತೆ ಪ್ರಗತಿಶೀಲ ಚಳವಳಿಯಲ್ಲಿದ್ದರು. ಸಾಮಾಜಿಕ ಕಾದಂಬರಿಗಳನ್ನೂ ಧಾರಾಳವಾಗಿ ಬರೆದರು. ಆದರೆ ದುರ್ಗದ ಸೀಮೆಯಲ್ಲಿ ತರಾಸು ಎಂದರೆ ಮೊದಲು ಬಾಯಿಗೆ ಬರುವುದು 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ', ಆಮೇಲೆ 'ದುರ್ಗಾಸ್ತಮಾನ'. ಮೊದಲ ಮೂರರಲ್ಲಿ ದಳವಾಯಿ ಮುದ್ದಣ್ಣನ ಕಾಲದ ಒಳಸಂಚು, ಕೊಲೆ, ಸೇಡು. ಕೊನೆಯದರಲ್ಲಿ ಕೊನೆಯ ಮದಕರಿ ನಾಯಕ, ಹೈದರಾಲಿಯ ಮುತ್ತಿಗೆ, 1779ರ ಪತನ. 'ದುರ್ಗಾಸ್ತಮಾನ'ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ. ಅದರ ಹಿಂದಿನ ವರ್ಷವೇ ತರಾಸು ತೀರಿಕೊಂಡಿದ್ದರು.

ಈ ಪುಸ್ತಕಗಳನ್ನು ಓದಿದವರು ಏಳು ಸುತ್ತಿನ ಕೋಟೆಗೆ ಹೋದಾಗ ನಡೆದುಕೊಳ್ಳುವ ರೀತಿಯನ್ನು ಗಮನಿಸಬೇಕು. ಬೇರೆ ಪ್ರವಾಸಿಗರು ಬಾಗಿಲ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಮುಂದೆ ಹೋಗುತ್ತಾರೆ. ಇವರು ಬಾಗಿಲು ದಾಟಿದ ಮೇಲೆ ಹಿಂತಿರುಗಿ ನೋಡುತ್ತಾರೆ. ದಾರಿ ತಟ್ಟನೆ ಮಗ್ಗುಲಿಗೆ ತಿರುಗುವುದೇಕೆ, ಓಡಿ ಬಂದ ಆನೆ ಇಲ್ಲಿ ತಿರುಗಲಾರದೆ ಹೇಗೆ ಸಿಕ್ಕಿಬೀಳುತ್ತದೆ, ಮೇಲಿನ ಬತೇರಿಯಲ್ಲಿ ನಿಂತವನಿಗೆ ಕೆಳಗಿನವನ ನೆತ್ತಿ ಎಷ್ಟು ಸಲೀಸಾಗಿ ಕಾಣುತ್ತದೆ ಎಂದು ಜೊತೆಗೆ ಬಂದ ಮಕ್ಕಳಿಗೆ ತೋರಿಸುತ್ತಾರೆ. ಮದ್ದು ಬೀಸುವ ಕಲ್ಲುಗಳ ಹತ್ತಿರ ಇವರ ಕಾಲು ತಾನಾಗಿ ನಿಲ್ಲುತ್ತದೆ. ನೆಲವನ್ನು ತಗ್ಗಾಗಿ ತೋಡಿ ಕಲ್ಲು ಕಟ್ಟಿದ ಜಾಗ, ಒಳಗೆ ಆಳೆತ್ತರಕ್ಕೂ ಸಮೀಪದ ನಾಲ್ಕು ಬೀಸುವ ಕಲ್ಲು. ಇದ್ದಿಲು, ಗಂಧಕ, ಪೆಟ್ಲುಪ್ಪು ಸೇರಿಸಿ ಅರೆಯುತ್ತಿದ್ದುದು ಇಲ್ಲಿ. ಕಿಡಿ ಹಾರಿದರೆ ಕೋಟೆಗೆ ಕುತ್ತು, ಅದಕ್ಕೇ ನೆಲದ ಮಟ್ಟಕ್ಕಿಂತ ಕೆಳಗೆ. ಯುದ್ಧವೆಂದರೆ ಕತ್ತಿ ಝಳಪಿಸುವುದಷ್ಟೇ ಎಂದುಕೊಂಡಿದ್ದ ಹುಡುಗನಿಗೆ ಇಲ್ಲಿ ಬೇರೆಯೇ ಪಾಠ. ಯಾರೋ ದಿನವಿಡೀ ಮದ್ದು ಅರೆಯಬೇಕು, ಯಾರೋ ಕಣಜ ಕಾಯಬೇಕು, ಯಾರೋ ಹೊಂಡದ ನೀರಿನ ಮಟ್ಟ ನೋಡುತ್ತಿರಬೇಕು.

ಓಬವ್ವನ ಕಿಂಡಿಯ ಬಳಿ ಈ ಓದುಗರ ಅಳೆದು ನೋಡುವ ರೀತಿ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಪಕ್ಕದಲ್ಲೇ ತಣ್ಣೀರು ದೋಣಿ. ಬಂಡೆಗಳ ನಡುವಿನ ಆ ಸಂದಿಯಲ್ಲಿ ದೊಡ್ಡವರು ಮೈ ಕುಗ್ಗಿಸಿ, ತಲೆ ಮುಂದೆ ಚಾಚಿ ನುಸುಳಬೇಕು. ತಲೆ ಈಚೆ ಬಂದಾಗ ಕೈ ಇನ್ನೂ ಆಚೆ ಇರುತ್ತದೆ, ಕತ್ತಿ ಎತ್ತುವಂತಿಲ್ಲ. ಕಾವಲುಗಾರ ಗಂಡ ಊಟಕ್ಕೆ ಕೂತಾಗ ನೀರಿಗೆಂದು ಬಂದ ಓಬವ್ವ ಒನಕೆಯೊಂದರಿಂದ ಹೈದರನ ಸಿಪಾಯಿಗಳನ್ನು ಒಬ್ಬೊಬ್ಬರನ್ನಾಗಿ ಕೆಡವಿದಳು ಎಂಬ ಕಥೆಯನ್ನು ಯಾರಾದರೂ ಶಂಕಿಸಿದರೆ, ದುರ್ಗದವರು ವಾದಕ್ಕೆ ಇಳಿಯುವುದಿಲ್ಲ. ನುಸುಳಿ ನೋಡಿ ಎನ್ನುತ್ತಾರೆ. ವೆಬರ್ ಅವರ ಓದುಗರ ಬಳಿ ಲೆಕ್ಕದ ಹಾಳೆ ಇತ್ತು. ದುರ್ಗದವರಿಗೆ ತಮ್ಮ ಮೈಯೇ ಅಳತೆಗೋಲು.

1972ರಲ್ಲಿ ಪುಟ್ಟಣ್ಣ ಕಣಗಾಲ್ ತರಾಸು ಅವರ ಮೂರು ಕಾದಂಬರಿಗಳನ್ನು ಸೇರಿಸಿ 'ನಾಗರಹಾವು' ಮಾಡಿದರು. ಅದು ಈ ಕಾಲದ ಕಥೆ, ಓಬವ್ವ ಅಲ್ಲಿ ಒಂದು ಹಾಡಿನಲ್ಲಿ ಮಾತ್ರ ಬರುತ್ತಾಳೆ. ಆದರೂ ನಟಿ ಜಯಂತಿಯವರ ಆ ಮುಖ ನಾಡಿಗೆಲ್ಲ ಓಬವ್ವನ ಮುಖವಾಯಿತು. ಸಿನಿಮಾ ನೋಡಿ ಪುಸ್ತಕಕ್ಕೆ ಬಂದವರು ಎಷ್ಟೋ ಮಂದಿ. ತರಾಸು ನಂತರ ಚಿತ್ರದುರ್ಗದವರೇ ಆದ ಬಿ.ಎಲ್. ವೇಣು ಪಾಳೆಯಗಾರರ ಕಥೆಯನ್ನು ಕೈಗೆತ್ತಿಕೊಂಡರು. ಅವರ ಕೃತಿಯನ್ನು ಆಧರಿಸಿ ನಾಗಾಭರಣ 'ಕಲ್ಲರಳಿ ಹೂವಾಗಿ' ಚಿತ್ರ ಮಾಡಿದರು.

ಈ ಹುರುಪು ಕೋಟೆಯ ಊರಿಗಷ್ಟೇ ಸೇರಿದ್ದಲ್ಲ. ಮತ್ತಿ ತಿಮ್ಮಣ್ಣ ನಾಯಕ ವಿಜಯನಗರದ ಅರಸರಿಂದ ಮೊದಲು ಪಡೆದದ್ದು ಹೊಳಲ್ಕೆರೆಯ ನಾಯಕತನ, ಆಮೇಲೆ ಹಿರಿಯೂರಿನದು, ಕೊನೆಗೆ ದುರ್ಗದ್ದು. ಹೊಸದುರ್ಗದ ಬೆಟ್ಟದ ಮೇಲೂ ಪಾಳೆಯಗಾರರ ಕೋಟೆಯೇ. ಆದ್ದರಿಂದ ಹೊಳಲ್ಕೆರೆಯವರಾಗಲಿ ಹೊಸದುರ್ಗದವರಾಗಲಿ ಈ ಕಾದಂಬರಿಗಳನ್ನು ನೆರೆಯೂರಿನ ಕಥೆಯೆಂದು ಓದುವುದಿಲ್ಲ. ಮದಕರಿ, ಭರಮಣ್ಣ, ಓಬವ್ವ ಎಂದು ಮಕ್ಕಳಿಗೆ ಹೆಸರಿಡುವ ಸೀಮೆ ಇದು. ರಟ್ಟು ಕಿತ್ತು, ಮೊದಲ ಪುಟಗಳು ಉದುರಿದ 'ದುರ್ಗಾಸ್ತಮಾನ'ವನ್ನು ದಾರ ಹಾಕಿ ಹೊಲಿದು ಇಟ್ಟುಕೊಂಡ ಮನೆಗಳನ್ನು ನಾನು ನೋಡಿದ್ದೇನೆ. ಕೊನೆಗೆ ಕೋಟೆ ಬೀಳುತ್ತದೆ, ನಾಯಕ ಶ್ರೀರಂಗಪಟ್ಟಣದ ಸೆರೆ ಸೇರುತ್ತಾನೆ ಎಂದು ಪುಸ್ತಕ ಬಿಚ್ಚುವ ಮೊದಲೇ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಓದುತ್ತಾರೆ. ಈ ಸಲವಾದರೂ ಕೋಟೆ ಉಳಿದೀತು ಎಂಬಂತೆ ಓದುತ್ತಾರೆ. ಗೆದ್ದವರ ಕಥೆಗಿಂತ ಸೋತವರ ಕಥೆಯನ್ನು ಇಷ್ಟು ಪ್ರೀತಿಯಿಂದ ಎದೆಗೆ ಅವಚಿಕೊಂಡ ಓದುಗವರ್ಗ ಕನ್ನಡದಲ್ಲಿ ಇನ್ನೊಂದಿಲ್ಲ.

ಒಂದು ಮಾತು ಹೇಳಲೇಬೇಕು. ಕಾದಂಬರಿ ಚರಿತ್ರೆಯಲ್ಲ. ಎಂ.ಎಸ್. ಪುಟ್ಟಣ್ಣ 1924ರಷ್ಟು ಹಿಂದೆಯೇ 'ಚಿತ್ರದುರ್ಗದ ಪಾಳೆಯಗಾರರು' ಬರೆದರು. ಹುಲ್ಲೂರು ಶ್ರೀನಿವಾಸ ಜೋಯಿಸರು ದುರ್ಗದ ದಾಖಲೆಗಳಿಗಾಗಿ ಆಯುಷ್ಯ ಸವೆಸಿದರು. ಲಕ್ಷ್ಮಣ ತೆಲಗಾವಿ, ಬಿ. ರಾಜಶೇಖರಪ್ಪ ಅವರಂಥ ಸಂಶೋಧಕರು ಶಾಸನ, ಬಖೈರುಗಳನ್ನು ಜರಡಿ ಹಿಡಿದರು. ತರಾಸು ಅವರನ್ನು ಓದಿ ಕಣ್ಣು ಒದ್ದೆ ಮಾಡಿಕೊಂಡವರು ಇವರನ್ನೂ ಓದಿದರೆ ಆ ಪ್ರೀತಿ ಗಟ್ಟಿಯಾಗುತ್ತದೆ.

ಇನ್ನು ನನ್ನನ್ನು ಕಾಡುವ ವಿಷಯಕ್ಕೆ ಬರುತ್ತೇನೆ. ಇಷ್ಟು ಹಸಿದ, ಇಷ್ಟು ಕಟ್ಟುನಿಟ್ಟಿನ ಓದುಗರಿರುವ ಸೀಮೆಯಲ್ಲೇ ಮುಂದಿನ ಯುದ್ಧದ ಸಲಕರಣೆಗಳೂ ತಯಾರಾಗುತ್ತಿವೆ. ಚಳ್ಳಕೆರೆ, ನಾಯಕನಹಟ್ಟಿ ಕಡೆಯ ಅಮೃತಮಹಲ್ ಕಾವಲುಗಳಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒಗೆ 4,000 ಎಕರೆಗೂ ಹೆಚ್ಚು ಜಾಗ ಸಿಕ್ಕಿತು, 2017ರಲ್ಲಿ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. ಪೈಲಟ್ ಇಲ್ಲದ ವಿಮಾನಗಳು ಅಲ್ಲಿಂದ ಏಳುತ್ತವೆ. 2023ರ ಏಪ್ರಿಲ್ 2ರಂದು ಇಸ್ರೊದ ರೆಕ್ಕೆಯುಳ್ಳ ಮರುಬಳಕೆ ವಾಹನವನ್ನು ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು, ಅದು ತಾನೇ ದಾರಿ ಹುಡುಕಿಕೊಂಡು ಇದೇ ನೆಲದ ರನ್‌ವೇಗೆ ಬಂದಿಳಿಯಿತು. ಅದೇ ವರ್ಷದ ಆಗಸ್ಟ್ 20ರಂದು ತಪಸ್ ಎಂಬ ಡ್ರೋನ್ ಪರೀಕ್ಷಾ ಹಾರಾಟದಲ್ಲಿ ಕೆಟ್ಟು ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿಯ ಹೊಲಕ್ಕೆ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಸುತ್ತಲಿನ ಜನ ಓಡಿ ಬಂದು ಮುರಿದ ರೆಕ್ಕೆಯನ್ನು ಮೊಬೈಲಿನಲ್ಲಿ ಸೆರೆ ಹಿಡಿದರು.

ಅಮೃತಮಹಲ್ ದನಗಳನ್ನು ಮೈಸೂರಿನ ದೊರೆಗಳು ಸಾಕಿದ್ದೇ ದಂಡಿಗಾಗಿ. ಹೈದರ್, ಟಿಪ್ಪು ಅವರ ಫಿರಂಗಿಗಳನ್ನು ಎಳೆದದ್ದು ಈ ತಳಿಯ ಎತ್ತುಗಳು. ಅವು ಮೇಯಲೆಂದು ಬಿಟ್ಟ ಹುಲ್ಲುಗಾವಲಿನ ಮೇಲೆ ಈಗ ಡ್ರೋನು ಹಾರುತ್ತದೆ. ಕಾವಲಿಗೆ ಬೇಲಿ ಬಿದ್ದು ಕುರಿ ದನಗಳ ಮೇವು ತಪ್ಪಿತು, ವ್ಯಾಜ್ಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಇದಕ್ಕಿಂತ ದೊಡ್ಡ ಕಾದಂಬರಿಯ ವಸ್ತು ಬೇಕೇ? ಹೊಲದಲ್ಲಿ ಬಿದ್ದ ಯಂತ್ರ, ಅದನ್ನು ಕಟ್ಟಿದ ಎಂಜಿನಿಯರ್, ಮೇವು ಕಳೆದುಕೊಂಡ ಕುರಿಗಾಹಿ, ಹಿಂದೆ ಅದೇ ನೆಲದಲ್ಲಿ ಮೇದ ಫಿರಂಗಿಯ ಎತ್ತು, ಎಲ್ಲವೂ ಒಂದೇ ಸೀಮೆಯಲ್ಲಿವೆ.

ಹೊರಗಿನವರು ಇಂಥದ್ದನ್ನು ಬರೆದಿದ್ದಾರೆ. ವಿಯೆಟ್ನಾಂ ಯುದ್ಧದಲ್ಲಿ ಗಾಯಗೊಂಡು ಮರಳಿದ ಜೋ ಹಾಲ್ಡೆಮನ್ 1974ರಲ್ಲಿ 'ದಿ ಫಾರೆವರ್ ವಾರ್' ಬರೆದರು. ದೂರದ ನಕ್ಷತ್ರದಲ್ಲಿ ಕಾದಾಡಿ ಬಂದ ಸೈನಿಕನಿಗೆ ತನ್ನ ನೆಲವೇ ಅಪರಿಚಿತವಾಗುವ ಕಥೆ ಅದು. ತಾನು ಕಂಡುಂಡ ಯುದ್ಧದ ನೋವನ್ನು ಮುಂದಿನ ಶತಮಾನಗಳಿಗೆ ಒಯ್ದು ಹೇಳಿದ್ದರಿಂದಲೇ ಓದುಗರು ಅದನ್ನು ಇವತ್ತಿಗೂ ಬಿಟ್ಟಿಲ್ಲ. ಕನ್ನಡದಲ್ಲಿ ರಾಜಶೇಖರ ಭೂಸನೂರಮಠರು ವೈಜ್ಞಾನಿಕ ಕಥೆಗೆ ದಾರಿ ಮಾಡಿಕೊಟ್ಟರು. ಆ ದಾರಿಯಲ್ಲಿ ಸೈನಿಕನ ಕಥೆ ಹೇಳುವವರು ಇನ್ನೂ ಸಾಲುಸಾಲಾಗಿ ಬರಬೇಕಿದೆ.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ದುರ್ಗದ ಕಾಲೇಜುಗಳಲ್ಲಿ ಎಂಜಿನಿಯರಿಂಗ್, ಭೌತಶಾಸ್ತ್ರ ಓದುತ್ತಿರುವ ಹುಡುಗ ಹುಡುಗಿಯರಲ್ಲಿ ನನ್ನದೊಂದು ಕೋರಿಕೆ. ತರಾಸು ಅವರನ್ನು ಓದಿ, ಕೋಟೆ ಹತ್ತಿ ಬನ್ನಿ, ಕಾವಲಿನ ಬೇಲಿಯ ಪಕ್ಕದ ಹಳ್ಳಿಗಳಲ್ಲಿ ಕೂತು ಮಾತಾಡಿ. ಆಮೇಲೆ ಕನ್ನಡದಲ್ಲೇ ಬರೆಯಿರಿ, ನಿಮ್ಮ ಊರಿನ ಮಾತಿನಲ್ಲೇ ಬರೆಯಿರಿ. ಬರೆದದ್ದನ್ನು ಬೆಂಗಳೂರಿಗೆ ಕಳಿಸುವ ಮೊದಲು ನಿಮ್ಮ ತಾಲ್ಲೂಕಿನ ಗ್ರಂಥಾಲಯದಲ್ಲಿ ನಾಲ್ಕು ಜನರನ್ನು ಕೂಡಿಸಿ ಓದಿ ಹೇಳಿ.