ಗುಮ್ಮನ ಆಟವೂ ಗುಮ್ಮನ ಬೆದರಿಕೆಯೂ

ಚಿಕ್ಕ ಮಗುವುಳ್ಳ ಮನೆಗೆ ಒಂದಲ್ಲ ಒಂದು ದಿನ ಗುಮ್ಮನು ಬಂದೇ ಬರುತ್ತಾನೆ. ಆತನಿಗೆ ಆಕಾರವಿಲ್ಲ, ಊರಿಲ್ಲ, ವಂಶವಿಲ್ಲ. ಆದರೂ ಉಣ್ಣದ ಮಗುವನ್ನು ಉಣ್ಣಿಸುವುದಕ್ಕೂ, ಮಲಗದ ಮಗುವನ್ನು ಮಲಗಿಸುವುದಕ್ಕೂ, ಅಂಗಳ ದಾಟಿದ ಮಗುವನ್ನು ಹಿಂದಿರುಗಿಸುವುದಕ್ಕೂ ಕರೆದೊಡನೆ ಓಡಿಬರುವ ಸೇವಕನು ಆತನೊಬ್ಬನೇ. ಸಂಬಳವಿಲ್ಲದ ಈ ಸೇವಕನಿಂದ ಕೆಲಸ ಮಾಡಿಸಿಕೊಳ್ಳುವುದು ಧರ್ಮವೇ ಎಂಬ ಪ್ರಶ್ನೆಯು ಮೇಲುನೋಟಕ್ಕೆ ಕ್ಷುಲ್ಲಕವಾಗಿ ತೋರಬಹುದು. ಆದರೆ ಮನುಷ್ಯನು ತನ್ನ ಜೀವಮಾನದಲ್ಲಿ ಕೇಳುವ ಮೊತ್ತಮೊದಲನೆಯ ಸುಳ್ಳು ಪ್ರಾಯಶಃ ಇದೇ ಆಗಿರುವುದರಿಂದಲೂ, ಅದನ್ನು ಹೇಳುವವರು ಆತನನ್ನು ಎಲ್ಲರಿಗಿಂತಲೂ ಹೆಚ್ಚಾಗಿ ಪ್ರೀತಿಸುವವರೇ ಆಗಿರುವುದರಿಂದಲೂ, ವಿಷಯವು ವಿಚಾರಕ್ಕೆ ಅರ್ಹವಾಗಿದೆ.

ಈ ವಿಚಾರಕ್ಕೆ ಶರದೃತುವೇ ತಕ್ಕ ಕಾಲ. ಮಹಾಲಯ ಅಮಾವಾಸ್ಯೆಯಂದು ಮನೆಮನೆಯಲ್ಲಿಯೂ ಅಗಲಿದ ಹಿರಿಯರಿಗೆ ಎಡೆಯಿಡುತ್ತಾರೆ. ಅದರ ಮರುದಿನದಿಂದಲೇ ನವರಾತ್ರಿಯ ಬೊಂಬೆಗಳು ಪೆಟ್ಟಿಗೆಯಿಂದ ಹೊರಬಂದು ಮೆಟ್ಟಿಲುಗಳ ಮೇಲೆ ಸಾಲುಗೊಳ್ಳುತ್ತವೆ. ಆಯುಧಪೂಜೆಯ ದಿನ ಬೂದುಗುಂಬಳಕಾಯಿಗೆ ಕುಂಕುಮ ತುಂಬಿ ಬೀದಿಯಲ್ಲಿ ಒಡೆಯುತ್ತಾರೆ. ಕಟ್ಟುತ್ತಿರುವ ಮನೆಯ ಮುಂದೆಯಂತೂ ಕೋರೆದಾಡೆಯ, ಕೆಂಗಣ್ಣಿನ ಮುಖವನ್ನು ಬರೆದ ಅದೇ ಕಾಯಿ ದೃಷ್ಟಿಪರಿಹಾರಕ್ಕಾಗಿ ಜೋಲುತ್ತಿರುತ್ತದೆ. ಇತ್ತ ಪಶ್ಚಿಮ ದೇಶಗಳಲ್ಲಿಯೂ ಇದೇ ಸುಮಾರಿನಲ್ಲಿ, ಅಕ್ಟೋಬರ್ 31ರ ರಾತ್ರಿ, ಹ್ಯಾಲೋವೀನ್ ಎಂಬ ಹಬ್ಬವು ನಡೆಯುತ್ತದೆ. ನವೆಂಬರ್ 1ರಂದು ಸಕಲ ಸಂತರನ್ನೂ, 2ರಂದು ಸಕಲ ಮೃತರನ್ನೂ ಕ್ರೈಸ್ತರು ಸ್ಮರಿಸುತ್ತಾರಾಗಿ, ಅದರ ಹಿಂದಿನ ರಾತ್ರಿ ಪ್ರೇತಗಳು ಸಂಚರಿಸುವುವೆಂಬ ಹಳೆಯ ಐರಿಷ್ ನಂಬಿಕೆಯು ಇದಕ್ಕೆ ಸೇರಿಕೊಂಡಿತು. ಅಲ್ಲಿನ ಜನರು ಮೂಲಂಗಿಯಂಥ ಗಡ್ಡೆಯನ್ನು ಕೊರೆದು ದೀಪವಿಡುತ್ತಿದ್ದರು. ಅಮೆರಿಕಕ್ಕೆ ವಲಸೆ ಹೋದ ಮೇಲೆ ಗಡ್ಡೆಯ ಸ್ಥಾನವನ್ನು ಸಿಹಿಗುಂಬಳಕಾಯಿ ಪಡೆಯಿತು. ಮಕ್ಕಳು ಮುಖವಾಡ ಧರಿಸಿ ಮನೆಯಿಂದ ಮನೆಗೆ ಹೋಗಿ ಮಿಠಾಯಿ ಬೇಡುವುದು ಇಂದಿನ ರೂಢಿ. ಎರಡು ಖಂಡಗಳ ಜನರು, ಒಬ್ಬರನ್ನೊಬ್ಬರು ಕೇಳದೆಯೇ, ಕುಂಬಳಕಾಯಿಗೆ ಭಯಂಕರವಾದ ಮುಖವನ್ನು ಕೊಟ್ಟಿರುವುದು ವಿನೋದಕರವಾಗಿದೆ.

ಬೇತಮಂಗಲದಲ್ಲಿ ಈ ಋತುವಿಗೆ ಮತ್ತೊಂದು ಲಕ್ಷಣವುಂಟು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿದ ಪಾಲಾರ್ ನದಿಗೆ ಕಟ್ಟಿದ ಇಲ್ಲಿಯ ದೊಡ್ಡ ಕೆರೆಯು ಒಂದು ಕಾಲಕ್ಕೆ ಕೋಲಾರದ ಚಿನ್ನದ ಗಣಿಗಳ ಊರಿಗೆಲ್ಲ ನೀರು ಕುಡಿಸಿದುದು. ಹಿಂಗಾರು ಮಳೆ ಚೆನ್ನಾಗಿ ಬಿದ್ದ ವರ್ಷ ಆಶ್ವಯುಜ ಕಾರ್ತಿಕಗಳಲ್ಲಿಯೇ ಅದು ತುಂಬುತ್ತದೆ. ತುಂಬಿದ ಕೆರೆಯು ನೋಟಕ್ಕೆ ಹಬ್ಬ. ಆದರೆ ನೀರು ನೀರೇ. 1903ರ ನವೆಂಬರಿನಲ್ಲಿ ಇದೇ ಪಾಲಾರ್ ಉಕ್ಕಿ ಹರಿದು, ಕೆಳಗಣ ವಾಣಿಯಂಬಾಡಿಯಲ್ಲಿ ಅನೇಕರ ಪ್ರಾಣವನ್ನು ತೆಗೆದುಕೊಂಡುದು ಚರಿತ್ರೆಯಲ್ಲಿ ದಾಖಲಾಗಿದೆ. ಆದಕಾರಣ ಏರಿಯ ಸಮೀಪದಲ್ಲಿ ಮನೆಯಿದ್ದವರಿಗೆ ಚಿಕ್ಕ ಮಗುವನ್ನು ಕಾಯುವುದು ಮಾತಿನ ಮಾತಲ್ಲ.

ಅಂಥ ಒಂದು ಮನೆಯನ್ನು ವಾಚಕರು ಭಾವಿಸಿಕೊಳ್ಳಬಹುದು. ಎರಡೂವರೆ ವರ್ಷದ ಗಂಡುಮಗು. ಶಾಲೆಯಲ್ಲಿ ಪಾಠ ಹೇಳುವ ತಾಯಿ. ಹಗಲೆಲ್ಲ ಮಗುವನ್ನು ನೋಡಿಕೊಳ್ಳುವ ಅಜ್ಜಿ. ದಸರೆಯ ರಜದಲ್ಲಿ ತಾಯಿಯು ದಿನವೂ ಸಂಜೆ ದೀಪ ಹಚ್ಚಿದ ಮೇಲೆ ಮಗುವನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು ಪುಸ್ತಕ ಓದುತ್ತಾಳೆ. ರಾಜರತ್ನಂ ಅವರ ಶಿಶುಗೀತೆಗಳಾದ ಬಳಿಕ, ಅಮೆರಿಕದಲ್ಲಿರುವ ಚಿಕ್ಕಮ್ಮ ಕಳುಹಿಸಿದ ಚಿತ್ರಪುಸ್ತಕದ ಸರದಿ. ಅದರ ಕೊನೆಯ ಪುಟದಲ್ಲಿ ಹಲ್ಲು ಕಿಸಿದ ಒಂದು ಕುಂಬಳಕಾಯಿ. ಪುಟ ತಿರುವುವ ಮುನ್ನವೇ ಮಗುವು ತಾಯಿಯ ಸೆರಗಿನಲ್ಲಿ ಮುಖ ಮರೆಸಿಕೊಳ್ಳುತ್ತದೆ, ತಿರುವಿದೊಡನೆ ಕಿರುಚುತ್ತದೆ, ಕಿರುಚಿದ ಮರುಗಳಿಗೆಯಲ್ಲೇ, "ಇನ್ನೊಂದ್ಸಲ ಅಮ್ಮಾ" ಎನ್ನುತ್ತದೆ. ಮರುದಿನ ಮಧ್ಯಾಹ್ನ ಅದೇ ಮಗುವು ಹಿತ್ತಿಲ ಬಾಗಿಲಿನಿಂದ ಏರಿಯ ಕಡೆಗೆ ಓಡಿದಾಗ ಅಜ್ಜಿಯು ಗಾಬರಿಯಿಂದ, "ಅಲ್ಲಿಗೆ ಹೋಗಬೇಡ ಪುಟ್ಟಾ, ಕೆರೇಲಿ ಗುಮ್ಮ ಇದಾನೆ, ಹಿಡ್ಕೊಂಡು ಹೋಗ್ತಾನೆ" ಎಂದು ಕೂಗುತ್ತಾಳೆ. ಮಗುವು ನಿಲ್ಲುತ್ತದೆ. ಆದರೆ ಆ ರಾತ್ರಿ ಹಿತ್ತಿಲ ಬಾಗಿಲಿನತ್ತ ನೋಡುವುದಿಲ್ಲ. ಪುಸ್ತಕದ ಕೊನೆಯ ಪುಟವನ್ನೂ ಬೇಡವೆನ್ನುತ್ತದೆ. ಒಂದೇ ಗುಮ್ಮನು ಸಂಜೆ ಕೊಟ್ಟ ಸಂತೋಷವನ್ನು ಮಧ್ಯಾಹ್ನ ಕಸಿದುಕೊಂಡನು. ಹೀಗಾದುದೇಕೆ?

ಪ್ರಶ್ನೆ ಹೊಸದಲ್ಲ. ಪುರಂದರದಾಸರ ಪ್ರಸಿದ್ಧವಾದ ಒಂದು ಕೀರ್ತನೆಯಲ್ಲಿ ಬಾಲಕೃಷ್ಣನು ಗುಮ್ಮನನ್ನು ಕರೆಯಬೇಡವೆಂದು ಯಶೋದೆಯನ್ನು ಅಂಗಲಾಚುತ್ತಾನೆ. ಜಗತ್ತನ್ನೇ ಬಾಯಲ್ಲಿ ತೋರಿಸಿದವನು ಗುಮ್ಮನಿಗೆ ಹೆದರುವ ಈ ಲೀಲೆಯನ್ನು ಕೇಳಿ ನಗದ ತಾಯಂದಿರಿಲ್ಲ. ಗ್ರೀಸಿನ ಪ್ಲೇಟೋ ಮಾತ್ರ ನಗಲಿಲ್ಲ. ದೇವತೆಗಳು ವಿಕಾರ ರೂಪಗಳನ್ನು ತಾಳಿ ರಾತ್ರಿ ಸಂಚರಿಸುವರೆಂದು ಹೇಳಿ ಮಕ್ಕಳನ್ನು ಹೆದರಿಸುವ ತಾಯಂದಿರು ದೇವನಿಂದೆಯನ್ನೂ ಮಾಡುತ್ತಾರೆ, ಮಕ್ಕಳನ್ನು ಹೇಡಿಗಳನ್ನಾಗಿಯೂ ಮಾಡುತ್ತಾರೆ ಎಂಬುದು ಆತನ 'ರಿಪಬ್ಲಿಕ್' ಗ್ರಂಥದ ಎರಡನೆಯ ಭಾಗದಲ್ಲಿನ ಅಭಿಪ್ರಾಯ. 1693ರಲ್ಲಿ ಇಂಗ್ಲೆಂಡಿನ ಜಾನ್ ಲಾಕ್ ಶಿಕ್ಷಣವನ್ನು ಕುರಿತು ಬರೆದ ಗ್ರಂಥದಲ್ಲಿ, ಸೇವಕರು ಮಕ್ಕಳನ್ನು ಹತೋಟಿಯಲ್ಲಿಡಲು ಹೇಳುವ ಭೂತದ ಕಥೆಗಳನ್ನು ಕಠಿನವಾಗಿ ನಿಷೇಧಿಸಿದನು. ಎಳೆಯ ಮನಸ್ಸಿನಲ್ಲಿ ಒಮ್ಮೆ ಅಚ್ಚೊತ್ತಿದ ಭಯವು ಬೆಳೆದ ಮೇಲೂ ಕತ್ತಲೆಯೊಡನೆ ಕೂಡಿಕೊಂಡೇ ಇರುತ್ತದೆಂಬುದು ಆತನ ವಾದ.

ಇವರ ಮಾತನ್ನು ಪೂರ್ತಿಯಾಗಿ ಅಂಗೀಕರಿಸಿದರೆ ಕುಂಬಳಕಾಯಿಯ ಪುಟವನ್ನೂ ಹರಿದು ಹಾಕಬೇಕಾಗುತ್ತದೆ. ಅಷ್ಟಕ್ಕೆ ಮುಗಿಯುವುದಿಲ್ಲ. ಪುಣ್ಯಕೋಟಿಯ ಹಾಡಿನಿಂದ ಹುಲಿಯನ್ನು ತೆಗೆಯಬೇಕು. ಕುವೆಂಪು ಅವರು ಬ್ರೌನಿಂಗ್ ಕವಿಯ ಕಥನದಿಂದ ಕನ್ನಡಿಸಿಕೊಂಡ ಕಿಂದರಿಜೋಗಿಯ ಹಿಂದೆ ಮಕ್ಕಳು ಹೊರಟುಹೋಗುವ ಭಾಗವನ್ನು ಬಿಡಬೇಕು. ಹಾಗೆ ಮಾಡಿಯೂ ಫಲವಿಲ್ಲವೆಂದು ಚಾರ್ಲ್ಸ್ ಲ್ಯಾಂಬನು 1823ರಲ್ಲಿ ಪ್ರಕಟವಾದ ತನ್ನ ಪ್ರಬಂಧಸಂಗ್ರಹದಲ್ಲಿ ತೋರಿಸಿದ್ದಾನೆ. ಭೂತಪ್ರೇತಗಳ ಸುದ್ದಿಯೇ ಕಿವಿಗೆ ಬೀಳದಂತೆ ಜಾಗರೂಕತೆಯಿಂದ ಬೆಳೆಸಿದ ಒಬ್ಬ ಬಾಲಕನೂ ರಾತ್ರಿಯ ಭಯದಿಂದ ಬೆವೆತುಹೋಗುತ್ತಿದ್ದುದನ್ನು ಆತನು ಉದಾಹರಿಸುತ್ತಾನೆ. ಭಯದ ಬೀಜವು ಕಥೆಯಲ್ಲಿಲ್ಲ, ಮನುಷ್ಯನಲ್ಲಿಯೇ ಇದೆ. ಕಥೆಯು ಅದಕ್ಕೆ ಒಂದು ಬಟ್ಟೆಯನ್ನು ತೊಡಿಸುತ್ತದೆ, ಅಷ್ಟೆ. ಇಂತಿರಲು, ಮಗುವನ್ನು ಭಯದಿಂದ ದೂರವಿಡುವುದು ಸಾಧ್ಯವಿಲ್ಲ. ಭಯದೊಡನೆ ಅದು ಯಾವ ಬಗೆಯಲ್ಲಿ ಪರಿಚಯ ಬೆಳೆಸಬೇಕೆಂಬುದೇ ಹಿರಿಯರು ನಿರ್ಧರಿಸಬಹುದಾದ ಸಂಗತಿ.

ಇಲ್ಲಿ ಭಾರತೀಯ ಕಾವ್ಯಮೀಮಾಂಸೆಯು ಒಂದು ಬೆಳಕನ್ನು ನೀಡುತ್ತದೆ. ಭರತನು ಭಯವನ್ನೂ ಭಯಾನಕರಸವನ್ನೂ ಒಂದೇ ಎಂದೆಣಿಸಲಿಲ್ಲ. ಭಯವು ಸ್ಥಾಯಿಭಾವ; ರಂಗದ ಮೇಲೆ ಪರಿಷ್ಕಾರಗೊಂಡಾಗ ಅದು ಆಸ್ವಾದ್ಯವಾದ ರಸವಾಗುತ್ತದೆ. ಅಭಿನವಗುಪ್ತನು ಇದಕ್ಕೆ ಶಾಕುಂತಲದ ಮೊದಲಂಕದಲ್ಲಿ ದುಷ್ಯಂತನ ರಥದ ಮುಂದೆ ಓಡುವ ಜಿಂಕೆಯ ನಿದರ್ಶನವನ್ನು ಕೊಡುತ್ತಾನೆ. ಪ್ರೇಕ್ಷಕನು ಆ ಹೆದರಿಕೆಯನ್ನು ಅನುಭವಿಸುತ್ತಾನೆ. ಆದರೆ ಬಾಣವು ತನ್ನ ಮೇಲೆ ಬೀಳುವುದೆಂದು ಎದ್ದು ಓಡುವುದಿಲ್ಲ. ಮೊಹರಮಿನಲ್ಲಿ ಹಳೆಯ ಮೈಸೂರಿನ ಊರುಗಳಲ್ಲಿಯೂ ನವರಾತ್ರಿಯಲ್ಲಿ ಮಂಗಳೂರಿನಲ್ಲಿಯೂ ಹುಲಿವೇಷವನ್ನು ಕಂಡು ತಂದೆಯ ಹೆಗಲ ಮೇಲಿನಿಂದ ಕೇಕೆ ಹಾಕುವ ಮಕ್ಕಳು ಶಾಸ್ತ್ರವನ್ನು ಓದಿದವರಲ್ಲ. ಆದರೂ ಅವರು ರಸಿಕರು. ಹೆಗಲಿನ ಆಸರೆಯಿಲ್ಲದಿದ್ದರೆ ಅದೇ ಹುಲಿಯು ಅವರಿಗೆ ರಸವಾಗದೆ ಬರಿಯ ಭಯವಾಗುತ್ತಿತ್ತು. ತಾಯಿಯ ತೊಡೆಯೂ ಸೆರಗೂ ಆ ಸಂಜೆ ಮಗುವಿಗೆ ನಾಟಕಶಾಲೆಯಾಗಿದ್ದವು.

ಆಟದ ಗುಮ್ಮನನ್ನು ಬೆದರಿಕೆಯ ಗುಮ್ಮನಿಂದ ಬೇರ್ಪಡಿಸುವ ಗುರುತುಗಳು ಮೂರು. ಮೊದಲನೆಯದು, ಆಟದಲ್ಲಿ ಹಗ್ಗವು ಮಗುವಿನ ಕೈಯಲ್ಲಿರುತ್ತದೆ. "ಇನ್ನೊಂದು ಸಲ" ಎನ್ನುವುದೂ, "ಸಾಕು" ಎನ್ನುವುದೂ ಅದರ ಅಧಿಕಾರ. ಎರಡನೆಯದು, ಮುಖವಾಡವು ಕಡೆಗೆ ಕಳಚುತ್ತದೆ. ಹಿಂದೆ ಇದ್ದವರು ಅಪ್ಪನೋ ಅಮ್ಮನೋ ಎಂಬುದು ಗೊತ್ತಾಗಿ ನಗುವಿನಲ್ಲಿ ಮುಗಿಯುತ್ತದೆ. ಮೂರನೆಯದೇ ಮುಖ್ಯವಾದುದು: ಆಟದ ಗುಮ್ಮನು ಮಗುವಿನಿಂದ ಏನನ್ನೂ ಕೇಳುವುದಿಲ್ಲ. ಬೆದರಿಕೆಯ ಗುಮ್ಮನಾದರೋ ಒಂದು ತುತ್ತು ಉಣ್ಣು, ಕಣ್ಣು ಮುಚ್ಚು, ಹಿಂದಿರುಗು ಎಂದು ಕಪ್ಪವನ್ನು ಕೇಳುತ್ತಾನೆ. ಭಯವನ್ನು ಆಜ್ಞೆಗೆ ಜೋಡಿಸಿದೊಡನೆ ಮುಖವಾಡವನ್ನು ಕಳಚುವಂತಿಲ್ಲ. ಕಳಚಿದರೆ ಆಜ್ಞೆಯೂ ಬಿದ್ದುಹೋಗುತ್ತದೆ. ಆದಕಾರಣ ಒಂದು ಸುಳ್ಳನ್ನು ಕಾಪಾಡಲು ದಿನದಿನವೂ ಹೊಸ ಸುಳ್ಳು ಬೇಕಾಗುತ್ತದೆ.

ಮೇಲಾಗಿ ಆಕಾರವಿಲ್ಲದ ಗುಮ್ಮನು ಬಹುಕಾಲ ಆಕಾರವಿಲ್ಲದೆ ಇರಲಾರನು. ಮುಂಜಾನೆ ಬರುವ ಬುಡುಬುಡಿಕೆಯವನು, ಜೋಳಿಗೆ ಹೊತ್ತ ಭಿಕ್ಷುಕ, ಸೂಜಿ ಚುಚ್ಚುವ ವೈದ್ಯ, ಪೋಲೀಸಿನವನು, ಇವರಲ್ಲಿ ಯಾರಾದರೊಬ್ಬರ ಮುಖವು ಆತನಿಗೆ ದೊರೆಯುತ್ತದೆ. "ಬುಡುಬುಡಿಕೆಯವನಿಗೆ ಕೊಟ್ಟುಬಿಡ್ತೀನಿ" ಎಂಬ ಮಾತನ್ನು ಕೇಳಿ ಬೆಳೆದ ಮಗುವು ಆ ಬಡವನನ್ನು ಮನುಷ್ಯನೆಂದು ಕಾಣುವುದಕ್ಕೆ ಎಷ್ಟು ವರ್ಷ ಹಿಡಿದೀತು! ಮಗುವಿಗೆ ಹೇಳಿದ ಸುಳ್ಳು ಇಲ್ಲಿ ಮೂರನೆಯವನಿಗೆ ಅನ್ಯಾಯವಾಗಿಯೂ ಪರಿಣಮಿಸುತ್ತದೆ. ದಾರಿ ತಪ್ಪಿದ ದಿನ ಸಹಾಯ ಕೇಳಬೇಕಾದ ಪೋಲೀಸಿನವನಿಂದಲೇ ಮಗುವು ಅಡಗಿಕೊಂಡರೆ ಆ ಅನ್ಯಾಯವು ಮನೆಗೇ ಹಿಂದಿರುಗಿದಂತಾಗುತ್ತದೆ.

ಅಜ್ಜಿಯ ಪಕ್ಷದಲ್ಲಿ ಹೇಳಬೇಕಾದುದೂ ಉಂಟು, ಮತ್ತು ಅದು ಅಲ್ಪವಾದುದಲ್ಲ. ಕೆರೆಯು ಕಥೆಯಲ್ಲ. ಎರಡೂವರೆ ವರ್ಷದ ಮಗುವಿಗೆ ಆಳವೆಂದರೇನು, ಮುಳುಗುವುದೆಂದರೇನು ಎಂದು ಯುಕ್ತಿಯಿಂದ ತಿಳಿಸುವುದು ಅಸಾಧ್ಯ. ಒಂದು ಸುಳ್ಳಿನಿಂದ ಒಂದು ಪ್ರಾಣವು ಉಳಿಯುವುದಾದರೆ ಆ ಸುಳ್ಳನ್ನು ದೂಷಿಸುವವರಾರು? ಹಿಂದಿನ ಕಾಲದ ಗೃಹಿಣಿಯರಿಗೆ ನೀರು ಸೇದುವುದು, ಬೀಸುವುದು, ಕುಟ್ಟುವುದು, ಹಟ್ಟಿಯ ಕೆಲಸ, ಇಷ್ಟರ ನಡುವೆ ನಾಲ್ಕಾರು ಮಕ್ಕಳನ್ನು ಕಾಯಬೇಕಾಗಿತ್ತು. ಅವರ ಎರಡು ಕೈಗಳಿಗೆ ನೆರವಾದ ಮೂರನೆಯ ಕೈಯೇ ಗುಮ್ಮನು. ಅವರನ್ನು ಕ್ರೂರಿಗಳೆನ್ನುವುದು ಕೃತಘ್ನತೆಯಾದೀತು.

ಆದರೂ ಪ್ರಾಣರಕ್ಷಣೆಯ ದೃಷ್ಟಿಯಿಂದಲೇ ನೋಡಿದರೂ ಗುಮ್ಮನು ನಂಬತಕ್ಕ ಕಾವಲುಗಾರನಲ್ಲ. ಆ ವಯಸ್ಸಿನ ಮಗುವಿನ ಭಯವು ಗಳಿಗೆಯದು. ಚಿಟ್ಟೆಯೊಂದು ಹಾರಿದರೆ ಗುಮ್ಮನು ಮರೆತುಹೋಗುತ್ತಾನೆ. ಆಗ ಅದನ್ನು ಕಾಯಬಲ್ಲವು ಮುಚ್ಚಿದ ಬಾಗಿಲು, ಹಾಕಿದ ಅಗಳಿ, ಹಿಡಿದ ಕೈ, ಇವು ಮಾತ್ರ. ಮುಂದೆ ಏಳೆಂಟು ವರ್ಷವಾದಾಗ ಗುಮ್ಮನಿಲ್ಲವೆಂಬುದು ಹುಡುಗನಿಗೆ ತಾನಾಗಿಯೇ ತಿಳಿಯುತ್ತದೆ. ಒಬ್ಬನೇ ಏರಿಯ ಮೇಲೆ ತಿರುಗಾಡುವ ವಯಸ್ಸೂ ಅದೇ. ಕೆರೆಯ ಅಪಾಯವೆಲ್ಲ ಗುಮ್ಮನಲ್ಲಿಯೇ ಇದ್ದಿತೆಂದು ನಂಬಿದ್ದವನು, ಗುಮ್ಮನು ಮಾಯವಾದೊಡನೆ ಅಪಾಯವೂ ಮಾಯವಾಯಿತೆಂದು ತಿಳಿದರೆ ಆಶ್ಚರ್ಯವೇನು? ಹೀಗೆ, ಕಾಪಾಡುವುದಕ್ಕಾಗಿ ಹೇಳಿದ ಸುಳ್ಳು ಕಾಪಾಡಬೇಕಾದ ದಿನವೇ ಕೈಬಿಡುತ್ತದೆ. ಹೇಳಿದವರ ಮುಂದಿನ ಮಾತಿನ ಬೆಲೆಯನ್ನೂ ತನ್ನೊಡನೆ ಕೊಂಡೊಯ್ಯುತ್ತದೆ.

ನಿಜವಾದ ಅಪಾಯದ ನಡುವೆ ಮಕ್ಕಳನ್ನು ಬೆಳೆಸಿದ ಜನರು ಬೇತಮಂಗಲಕ್ಕೆ ದೂರದವರಲ್ಲ. 2001ರ ಫೆಬ್ರವರಿ 28ರಂದು ಮುಚ್ಚಿಹೋದ ಕೋಲಾರದ ಗಣಿಗಳಲ್ಲಿ, ಮೂರು ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ ಬಂಡೆಗಳು ಒತ್ತಡದಿಂದ ಸಿಡಿಯುತ್ತಿದ್ದವು. ಮೇಲಿನ ಕಾಲನಿಗಳ ಮನೆಗಳು ಅದುರುತ್ತಿದ್ದವು. ತಂದೆಯು ಪಾಳಿಗೆ ಇಳಿದಿರುವಾಗ ನೆಲ ನಡುಗಿದರೆ ಆ ಮನೆಯ ತಾಯಿಗೆ ಯಾವ ಗುಮ್ಮನೂ ನೆರವಾಗಲಾರನು. ಹೇಳಬಹುದಾದ ಸುಳ್ಳಿಗೂ ಹೇಳಲಾಗದ ಸತ್ಯಕ್ಕೂ ನಡುವೆ ಆಕೆಗಿದ್ದುದು ಮಗುವನ್ನು ಹತ್ತಿರ ಸೆಳೆದುಕೊಳ್ಳುವುದೊಂದೇ. ಪ್ರಾಯಶಃ ಎಲ್ಲ ತಾಯ್ತಂದೆಯರಿಗೂ ಕಡೆಗೆ ಉಳಿಯುವುದು ಅದೇ.

ಪುಣ್ಯಕೋಟಿಯ ಹಾಡನ್ನು ಮಕ್ಕಳಿಗೆ ಹೇಳುವವರು ಸಾಮಾನ್ಯವಾಗಿ ಹುಲಿಯ ಮುಂದೆ ಆಡಿದ ಮಾತನ್ನು ಹಸುವು ಉಳಿಸಿಕೊಂಡುದನ್ನೇ ಒತ್ತಿ ಹೇಳುತ್ತಾರೆ. ಆದರೆ ಆ ಹಸುವು ದೊಡ್ಡಿಗೆ ಹಿಂದಿರುಗಿ ಕರುವಿನ ಮುಂದೆಯೂ ಸತ್ಯವನ್ನೇ ಹೇಳಿತೆಂಬುದನ್ನು ಗಮನಿಸುವವರು ವಿರಳ. ಹುಲಿಗೆ ಸತ್ಯ ಹೇಳುವುದು ದೊಡ್ಡದು. ಎಳೆಗರುವಿಗೆ ಸತ್ಯ ಹೇಳುವುದು ಅದಕ್ಕಿಂತಲೂ ಕಷ್ಟವಾದುದು.

ಭಾವಿಸಿಕೊಂಡ ಆ ಮನೆಯಲ್ಲಿ ಮುಂದೆ ನಡೆಯಬಹುದಾದುದು ಇಷ್ಟೆ. ಸೊಸೆಯು ಅತ್ತೆಯೊಡನೆ ವಾದಿಸುವುದಿಲ್ಲ. ಹಿತ್ತಿಲ ಬಾಗಿಲಿಗೆ ಮಗುವಿನ ಕೈಗೆ ಎಟುಕದ ಒಂದು ಅಗಳಿಯನ್ನು ಹಾಕಿಸುತ್ತಾಳೆ. ಒಂದು ಸಂಜೆ, "ಅತ್ತೆ, ನೀವೂ ಬನ್ನಿ" ಎಂದು ಕರೆದು, ಇಬ್ಬರೂ ಮಗುವಿನ ಒಂದೊಂದು ಕೈಯನ್ನು ಹಿಡಿದು ಏರಿಯ ಮೇಲೆ ನಡೆಯುತ್ತಾರೆ. ಅಜ್ಜಿಯು ಒಂದು ಕಲ್ಲನ್ನು ನೀರಿಗೆಸೆಯುತ್ತಾಳೆ. ಕಲ್ಲು ಮುಳುಗುತ್ತದೆ, ಮಗುವು ಅದು ಮೇಲೆ ಬರುವುದೆಂದು ಕಾಯುತ್ತದೆ, ಬರುವುದಿಲ್ಲ. "ಒಳಗೆ ಗುಮ್ಮ ಇದಾನಾ ಅಜ್ಜಿ?" ಎಂದು ಕೇಳುತ್ತದೆ. ಅಜ್ಜಿಯು ಒಂದು ಕ್ಷಣ ಸುಮ್ಮನಿದ್ದು, "ಇಲ್ಲ ಕಂದಾ, ನೀರಿದೆ. ತುಂಬಾ ನೀರಿದೆ. ಅದಕ್ಕೇ ನನ್ನ ಕೈ ಬಿಡಬೇಡ" ಎನ್ನುತ್ತಾಳೆ. ಆ ರಾತ್ರಿ ದೀಪದ ಮುಂದೆ ಪುಸ್ತಕದ ಕೊನೆಯ ಪುಟವು ಮತ್ತೆ ತೆರೆಯುತ್ತದೆ, ಮತ್ತು ಈ ಸಲ ಮುಖ ಮರೆಸಿಕೊಳ್ಳುವುದಕ್ಕೆ ಮಗುವು ಆರಿಸಿಕೊಳ್ಳುವುದು ಅಜ್ಜಿಯ ಸೆರಗನ್ನು.