ಹಿಟ್ಟಿನ ಕೋಳಿಯೂ ಸಾವಿರ ಸೈನಿಕರೂ

ಹಿಟ್ಟಿನಿಂದ ಮಾಡಿದ ಕೋಳಿಯನ್ನು ಕಡಿದವನಿಗೆ ಜೀವಂತ ಕೋಳಿಯನ್ನು ಕೊಂದ ಪಾಪ ಹತ್ತುವುದೋ ಇಲ್ಲವೋ ಎಂಬ ಪ್ರಶ್ನೆಯನ್ನು ಕನ್ನಡ ನಾಡು ಎಂಟು ನೂರು ವರ್ಷಗಳ ಹಿಂದೆಯೇ ಎತ್ತಿಕೊಂಡು, ಅದಕ್ಕೆ ಪರಸ್ಪರ ವಿರುದ್ಧವಾದ ಎರಡು ಉತ್ತರಗಳನ್ನು ಕೊಟ್ಟು, ಎರಡನ್ನೂ ಪೂಜ್ಯವೆಂದೇ ಭಾವಿಸಿ ಸುಮ್ಮನಿದೆ. ಮೊದಲನೆಯ ಉತ್ತರ ಜನ್ನನದು. ಹೊಯ್ಸಳ ವೀರಬಲ್ಲಾಳನ ಆಶ್ರಯದಲ್ಲಿದ್ದ ಆ ಜೈನಕವಿ 1209ರಲ್ಲಿ ಮುಗಿಸಿದ ‘ಯಶೋಧರ ಚರಿತೆ’ಯಲ್ಲಿ, ರಾಣಿ ಅಮೃತಮತಿಯು ಕುರೂಪಿಯಾದ ಮಾವುತನೊಬ್ಬನಿಗೆ ಮನಸೋತದ್ದನ್ನು ಕಣ್ಣಾರೆ ಕಂಡ ಅರಸ ಯಶೋಧರನು ತಾಯಿಯ ಮುಂದೆ ಆ ಸಂಕಟವನ್ನು ಮರೆಮಾಚಿ ಕೆಟ್ಟ ಕನಸೊಂದರ ನೆಪ ಹೇಳುತ್ತಾನೆ, ತಾಯಿ ಚಂದ್ರಮತಿ ಶಾಂತಿಗಾಗಿ ಬಲಿಯನ್ನು ವಿಧಿಸುತ್ತಾಳೆ, ಪ್ರಾಣಿವಧೆಗೆ ಒಪ್ಪದ ಮಗ, ತಾಯಿಯ ಮಾತನ್ನು ಪೂರ್ತಿ ಮೀರಲೂ ಆರದೆ, ಹಿಟ್ಟಿನ ಕೋಳಿಯೊಂದನ್ನು ಚಂಡಮಾರಿಯ ಮುಂದೆ ಕಡಿಯುತ್ತಾನೆ. ಕಡಿದೊಡನೆ, ಬೆಂತರ ಹೊಕ್ಕಿದ್ದ ಆ ಹಿಟ್ಟು ಕೂಗಿಬಿಡುತ್ತದೆ. ಮುಂದೆ ರಾಣಿಯ ವಿಷಕ್ಕೆ ಬಲಿಯಾಗುವ ತಾಯಿಮಕ್ಕಳು ನವಿಲೂ ನಾಯಿಯೂ ಆಗಿ ಹುಟ್ಟಿ, ಜನ್ಮಜನ್ಮಾಂತರಗಳಲ್ಲಿ ಕೊಲ್ಲಿಸಿಕೊಳ್ಳುತ್ತಾ, ಒಂದು ಜನ್ಮದಲ್ಲಿ ಕೋಳಿಗಳೇ ಆಗುತ್ತಾರೆ. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ವನ್ನು ಬರೆದದ್ದು ಈ ಕಥೆಯ ಮೇಲೆಯೇ.

ಎರಡನೆಯ ಉತ್ತರ ಅದೇ ಶತಮಾನದಲ್ಲಿ ಉಡುಪಿಯಿಂದ ಬಂದಿತು. ಯಜ್ಞದಲ್ಲಿ ಜೀವಂತ ಪಶುವಿನ ಸ್ಥಾನದಲ್ಲಿ ಹಿಟ್ಟಿನ ಪಶುವನ್ನು ಇಡುವುದು ಶಾಸ್ತ್ರಸಮ್ಮತವೆಂದು ಮಧ್ವಾಚಾರ್ಯರ ಪರಂಪರೆ ಸಾರಿತು. ಜನ್ನನಿಗೆ ಪಾಪದ ಬಾಗಿಲಾಗಿ ಕಂಡ ಹಿಟ್ಟು ಮಾಧ್ವರಿಗೆ ಪಾಪದಿಂದ ಹೊರಬರುವ ಬಾಗಿಲಾಯಿತು. ಇಬ್ಬರ ಗುರಿಯೂ ಪ್ರಾಣಿಯನ್ನು ಉಳಿಸುವುದೇ ಆಗಿದ್ದರೂ, ಮಾಧ್ವರು ಕತ್ತಿಯ ತುದಿಯನ್ನು ನೋಡಿದರು, ಜನ್ನನು ಕತ್ತಿ ಹಿಡಿದವನ ಚಿತ್ತವನ್ನು ನೋಡಿದನು.

ಈ ಹಳೆಯ ವ್ಯಾಜ್ಯ ಇಂದು ಪುನಃ ವಿಚಾರಣೆಗೆ ಬರತಕ್ಕ ಸ್ಥಳ ಮಠವೂ ಅಲ್ಲ, ಬಸದಿಯೂ ಅಲ್ಲ. ಕಿಯೋನಿಕ್ಸ್ ಸಂಸ್ಥೆಯು ಆರ್.ಕೆ. ಬಾಳಿಗರ ದೂರದೃಷ್ಟಿಯಿಂದ 1970ರ ದಶಕದ ಕೊನೆಗೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಭೂಮಿಯಲ್ಲಿ ನೆಲೆಗೊಳಿಸಿದ ಎಲೆಕ್ಟ್ರಾನಿಕ್ ಸಿಟಿಯ ಸುತ್ತ, ವೈಟ್‌ಫೀಲ್ಡಿನ ಸುತ್ತ, ಸಾಲುಸಾಲಾಗಿ ಎದ್ದಿರುವ ಪಿ.ಜಿ.ಗಳ ಕೊಠಡಿಗಳಲ್ಲಿ, ಪಾಳಿ ಮುಗಿಸಿ ಬಂದ ತರುಣರು ರಾತ್ರಿಯ ಹೊತ್ತು ಪರದೆಯ ಮುಂದೆ ಕುಳಿತು ಒಂದೊಂದು ಗಂಟೆಯಲ್ಲಿ ಸಾವಿರಾರು ಸೈನಿಕರನ್ನು ಕಡಿದು ಮಲಗುತ್ತಾರಲ್ಲ, ಅಲ್ಲಿ. ನನ್ನ ಬಂಧುವರ್ಗದ ಹುಡುಗನೊಬ್ಬ ಹೀಗೆ ಆಡುವುದನ್ನು ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಅವನು ಆಡುವ ಆಟದ ಹೆಸರು ‘ವಾರಿಯರ್ಸ್ ಒರೋಚಿ’. ಜಪಾನಿನ ಕೊಯೆಯಿ ಸಂಸ್ಥೆಯ ಒಮೆಗಾ ಫೋರ್ಸ್ ತಂಡ 2007ರಲ್ಲಿ ಹೊರತಂದದ್ದು, ಆ ಬಳಿಕ ಹಲವು ಭಾಗಗಳಾಗಿ ಬೆಳೆದದ್ದು. ಕ್ರಿಸ್ತಶಕ ಮೂರನೆಯ ಶತಮಾನದ ಚೀನದ ಮೂರು ರಾಜ್ಯಗಳ ಯುದ್ಧವೀರರನ್ನೂ, ಅವರಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಈಚಿನ ಜಪಾನಿನ ಅಂತಃಕಲಹದ ಸಾಮಂತರನ್ನೂ, ಕಾಲದೇಶಗಳನ್ನು ಹರಿದುಹಾಕಿದ ಒರೋಚಿ ಎಂಬ ಸರ್ಪರಾಜನು ತಾನೇ ಕಲ್ಪಿಸಿದ ಒಂದು ಮಾಯಾಲೋಕಕ್ಕೆ ಎಳೆದು ತರುತ್ತಾನೆ. ತನಗೆ ಸಮನಾದ ಎದುರಾಳಿ ಯಾರಾದರೂ ಇರುವನೋ ಎಂಬುದೊಂದೇ ಅವನ ಜಿಜ್ಞಾಸೆ. 712ರಲ್ಲಿ ಸಿದ್ಧವಾದ ‘ಕೋಜಿಕಿ’ಯಲ್ಲಿ ಸುಸಾನೊ ದೇವನಿಂದ ಹತನಾದ ಎಂಟು ತಲೆಯ ಸರ್ಪವೇ ಈ ಒರೋಚಿಯ ಮೂಲ. 2018ರ ನಾಲ್ಕನೆಯ ಭಾಗದ ಹೊತ್ತಿಗೆ ಗ್ರೀಕರ ಜ್ಯೂಸನೂ ಉತ್ತರ ಯೂರೋಪಿನ ಓಡಿನನೂ ಈ ಸಂತೆಗೆ ಬಂದು ಸೇರಿ, ಆಡಬಲ್ಲ ವೀರರ ಸಂಖ್ಯೆ 170 ಆಯಿತು.

ದೇವತೆಗಳನ್ನು ಆಟದ ಗೊಂಬೆಗಳಾಗಿಸಬಹುದೇ ಎಂಬ ಆಕ್ಷೇಪ ಇಲ್ಲಿ ಸಹಜವಾಗಿ ಏಳುತ್ತದೆ. ಈ ಆಟದ ಗುವಾನ್ ಯು ಚೀನೀಯರ ಗುಡಿಗಳಲ್ಲಿ ಇಂದಿಗೂ ಪೂಜೆಗೊಳ್ಳುವ ದೈವ. ನಮ್ಮಲ್ಲಿಯೂ 2009ರಲ್ಲಿ ಹೈದರಾಬಾದಿನಲ್ಲಿ ತಯಾರಾದ ‘ಹನುಮಾನ್: ಬಾಯ್ ವಾರಿಯರ್’ ಆಟದ ಬಗ್ಗೆ, ಆಂಜನೇಯನನ್ನು ಆಟಗಾರನ ಕೈಬೆರಳಿಗೆ ಅಧೀನನಾಗಿಸಿದ್ದು ಅಪಚಾರವೆಂದು ಕೆಲವರು ಗುಲ್ಲೆಬ್ಬಿಸಿದ್ದರು. ನನಗೆ ಈ ಆಕ್ಷೇಪ ಭಾರವಾದದ್ದೆಂದು ತೋರುವುದಿಲ್ಲ. ಯಕ್ಷಗಾನದ ವೇಷಧಾರಿ ರಾತ್ರಿಯಿಡೀ ಕೃಷ್ಣನಾಗಿ ಕುಣಿದು, ಬೆಳಗ್ಗೆ ಬಣ್ಣ ಒರಸಿ ಬೀಡಿ ಹಚ್ಚಿದರೆ ಕೃಷ್ಣನಿಗೆ ಏನೂ ಕುಂದಾಗದೆಂಬುದನ್ನು ನಮ್ಮ ಕರಾವಳಿ ಬಲ್ಲದು.

ಯುಗಯುಗಗಳ ವೀರರನ್ನು ಒಂದೇ ರಂಗದಲ್ಲಿ ಕಾದಿಸುವುದೂ ನಮಗೆ ಹೊಸದಲ್ಲ. ತ್ರೇತಾಯುಗದ ಜಾಂಬವಂತನು ದ್ವಾಪರದ ಕೃಷ್ಣನೊಡನೆ, ಭಾಗವತದ ಲೆಕ್ಕದಲ್ಲಿ ಇಪ್ಪತ್ತೆಂಟು ದಿನ, ಗುಹೆಯೊಳಗೆ ಮುಷ್ಟಿಯುದ್ಧ ಮಾಡುತ್ತಾನೆ. ಬಾಣಗಳ ಸೇತುವೆ ಕಟ್ಟಬಲ್ಲೆನೆಂದು ಬೀಗಿದ ಅರ್ಜುನನ ಗರ್ವವನ್ನು ಮುದಿಕಪಿಯ ವೇಷದ ಹನುಮಂತನು ಶರಸೇತುಬಂಧನದ ಪ್ರಸಂಗದಲ್ಲಿ ಮುರಿಯುತ್ತಾನೆ. ದೇವನೂರಿನ ಲಕ್ಷ್ಮೀಶನ ‘ಜೈಮಿನಿ ಭಾರತ’ದಲ್ಲಂತೂ ಅಶ್ವಮೇಧದ ಕುದುರೆಯ ಬೆನ್ನಿಗೆ ಹೋದ ಅರ್ಜುನನಿಗೆ ಸುಧನ್ವ, ತಾಮ್ರಧ್ವಜ, ಅಷ್ಟೇಕೆ, ಹೆತ್ತ ಮಗನಾದ ಬಭ್ರುವಾಹನನೇ ಎದುರಾಗುತ್ತಾರೆ, ನಡುವೆ ಕುಶಲವರ ಕಾಳಗದ ಕಥೆಯೂ ಹೊಕ್ಕು ರಾಮಾಯಣ ಭಾರತಗಳ ಗಡಿ ಅಳಿಸಿಹೋಗುತ್ತದೆ. ಮಳೆಗಾಲದಲ್ಲಿ ಕರಾವಳಿಯ ಮೇಳಗಳು ಬೆಂಗಳೂರಿಗೆ ಬಂದು ರವೀಂದ್ರ ಕಲಾಕ್ಷೇತ್ರದಲ್ಲಿ ಆಟ ಕಟ್ಟಿದಾಗ ಜನ ಮುಗಿಬಿದ್ದು ನೋಡುವುದು ಇಂಥ ಕಾಳಗಗಳನ್ನೇ. ಆದರೆ ಈ ಪ್ರತಿಯೊಂದು ಕಾಳಗವೂ ಗುರುತಿನಲ್ಲಿ ಮುಗಿಯುತ್ತದೆಂಬುದನ್ನು ಗಮನಿಸಬೇಕು. ತನ್ನನ್ನು ಬಡಿಯುತ್ತಿರುವವನು ಹಿಂದಿನ ರಾಮನೇ ಎಂದು ಜಾಂಬವಂತನಿಗೆ ಹೊಳೆದಾಗ ಅವನ ಮುಷ್ಟಿ ಸಡಿಲುತ್ತದೆ. ಕೆಡವಿದ ತಲೆ ತಂದೆಯದೆಂಬ ಅರಿವು ಬಭ್ರುವಾಹನನನ್ನು ಸುಡುತ್ತದೆ. ಯುದ್ಧವು ಅಲ್ಲಿ ಪರಿಚಯದ ಒಂದು ಕಠೋರವಾದ ವಿಧಾನ.

ಜಪಾನಿನ ಆಟವೂ ಈ ಮರ್ಯಾದೆಯನ್ನು ಅರ್ಧದಷ್ಟು ಪಾಲಿಸುತ್ತದೆಂದು ಕಂಡು ನನಗೆ ಸೋಜಿಗವಾಯಿತು. ಹೆಸರುಳ್ಳ ವೀರನು ಸೋತರೆ ಬಹುಮಟ್ಟಿಗೆ ಸಾಯುವುದಿಲ್ಲ. ರಣದಿಂದ ಹಿಂದೆಗೆಯುತ್ತಾನೆ, ಅಥವಾ ಗೆದ್ದವನ ಶೌರ್ಯವನ್ನು ಮೆಚ್ಚಿ ಅವನ ಪಕ್ಷಕ್ಕೆ ಸೇರುತ್ತಾನೆ. ಮೂರನೆಯ ಭಾಗದಲ್ಲಿ ಬಹುಶಿರಸ್ಸಿನ ದೈತ್ಯಸರ್ಪವೊಂದು ಎಲ್ಲರನ್ನೂ ನುಂಗಿ ಮೂವರು ಮಾತ್ರ ಉಳಿದಾಗ, ಅವರು ಕಾಲದಲ್ಲಿ ಹಿಂದಕ್ಕೆ ಹೋಗಿ, ಸತ್ತ ಸಂಗಾತಿಗಳನ್ನು ಒಬ್ಬೊಬ್ಬರನ್ನಾಗಿ ಸಾವಿನಿಂದ ತಪ್ಪಿಸುವುದೇ ಕಥೆ. ಹೆಸರಿದ್ದವನಿಗೆ ಇಷ್ಟು ಕರುಣೆ. ಉಳಿದವರಿಗೆ? ಈಟಿ ಹಿಡಿದು ಸುತ್ತ ನಿಂತ ಪದಾತಿಗಳು ಒಂದೇ ಬೀಸಿಗೆ ಹತ್ತಿಪ್ಪತ್ತು ಮಂದಿ ಹಾರಿಬೀಳುತ್ತಾರೆ, ಪರದೆಯ ಅಂಚಿನಲ್ಲಿ ಹತರ ಅಂಕಿ ಏರುತ್ತದೆ, ಸಾವಿರವಾದಾಗ ಜಯಘೋಷವಾಗುತ್ತದೆ. ಇಂಥ ಆಟಗಳನ್ನು ಕಟ್ಟುವವರ ವಾಡಿಕೆಯ ಉಪಾಯವೊಂದಿದೆ: ಬಿದ್ದ ಸೈನಿಕನ ರೂಪವನ್ನು ಯಂತ್ರದ ಸ್ಮೃತಿಯಿಂದ ಅಳಿಸಿ ಮತ್ತೊಂದನ್ನು ಹೊಸದಾಗಿ ಸೃಷ್ಟಿಸುವುದು ಯಂತ್ರಕ್ಕೆ ಶ್ರಮವಾದುದರಿಂದ, ಅವನನ್ನು ಕ್ಷಣಕಾಲ ಮರೆಗೆ ಸರಿಸಿ, ಗಾಯ ಮಾಯಿಸಿ, ರಣದ ಬೇರೊಂದು ಮೂಲೆಯಲ್ಲಿ ನಿಲ್ಲಿಸುತ್ತಾರೆ. ಸಾವಿರ ಮಂದಿಯನ್ನು ಕೊಂದೆನೆಂದು ಹಿಗ್ಗುವ ಆಟಗಾರನು ವಾಸ್ತವವಾಗಿ ಕೆಲವೇ ಮಂದಿಯನ್ನು ಮತ್ತೆ ಮತ್ತೆ ಕೊಂದಿರುತ್ತಾನೆ. ಯಶೋಧರ ಚಂದ್ರಮತಿಯರ ಭವಾವಳಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ, ಅವರು ಪ್ರತಿ ಜನ್ಮದಲ್ಲಿಯೂ ಏನನ್ನೋ ತೀರಿಸುತ್ತಿದ್ದರು. ಈ ಪದಾತಿಗೆ ತೀರಿಸಬೇಕಾದ ಋಣವೂ ಇಲ್ಲ, ಮೋಕ್ಷವೂ ಇಲ್ಲ.

ಹಾಗಾದರೆ ಆ ಹುಡುಗನಿಗೆ ಪಾಪವುಂಟೇ? ಜೈನ ಆಚಾರಶಾಸ್ತ್ರವು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸುತ್ತದೆ: ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪೀ, ಮನೆವಾರ್ತೆಯಲ್ಲಿ ಅನಿವಾರ್ಯವಾಗಿ ಆಗುವ ಆರಂಭೀ, ವೃತ್ತಿಯಲ್ಲಿ ಒದಗುವ ಉದ್ಯೋಗೀ, ಆತ್ಮರಕ್ಷಣೆಯ ವಿರೋಧೀ. ಗೃಹಸ್ಥನು ಕಡೆಯ ಮೂರರಿಂದ ಪೂರ್ತಿ ತಪ್ಪಿಸಿಕೊಳ್ಳಲಾರನೆಂಬುದನ್ನು ಶಾಸ್ತ್ರಕಾರರು ಬಲ್ಲರು. ಪೀಣ್ಯದ ಕುಲುಮೆಯ ಮುಂದೆ ನಿಂತು ದುಡಿಯುವವನ ಮೇಲೆ ಅವರು ಮೊದಲನೆಯ ದೋಷವನ್ನು ಹೊರಿಸುವುದಿಲ್ಲ. ಯಶೋಧರನು ಸಿಕ್ಕಿಬಿದ್ದದ್ದು ಮೊದಲನೆಯದರಲ್ಲಿ. ಹಿಟ್ಟನ್ನು ಹಿಟ್ಟೆಂದು ತಿಳಿದೇ ಕಡಿದಿದ್ದರೆ ಅದು ಅಡಿಗೆಯಾಗುತ್ತಿತ್ತು. ಒಂದು ಜೀವವನ್ನು ಒಪ್ಪಿಸುತ್ತಿದ್ದೇನೆಂಬ ಭಾವದಿಂದ ಕಡಿದದ್ದರಿಂದ ಬಲಿಯಾಯಿತು. ಪರದೆಯ ಮುಂದಿನ ಹುಡುಗನ ಮುಖದಲ್ಲಿ ನಾನು ಹುಡುಕಿದ್ದು ಈ ಭಾವವನ್ನೇ, ಮತ್ತು ಅದು ನನಗೆ ಸಿಗಲಿಲ್ಲ. ಕ್ರೋಧವಿರಲಿಲ್ಲ, ಕ್ರೌರ್ಯದ ಸುಖವೂ ಇರಲಿಲ್ಲ. ತಿಂಗಳ ಕೊನೆಗೆ ಲೆಕ್ಕ ಮುಗಿಸುವ ಗುಮಾಸ್ತನ ನಿರ್ಲಿಪ್ತವಾದ ಶ್ರದ್ಧೆಯೊಂದಿತ್ತು. ಸಂಕಲ್ಪದ ಆರೋಪದಿಂದ ಅವನನ್ನು ನಾನು ನಿಸ್ಸಂಕೋಚವಾಗಿ ಬಿಡುಗಡೆ ಮಾಡುತ್ತೇನೆ.

ಆದರೆ ಜೈನದರ್ಶನ ಅಲ್ಲಿಗೇ ನಿಲ್ಲುವುದಿಲ್ಲ. ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ವು ಹಿಂಸೆಯನ್ನು ನಿರೂಪಿಸುವಾಗ ಪ್ರಾಣಹರಣದ ಹಿಂದೆ ಪ್ರಮಾದವನ್ನು, ಎಂದರೆ ಎಚ್ಚರ ತಪ್ಪಿದ ಮನಃಸ್ಥಿತಿಯನ್ನು, ಇರಿಸುತ್ತದೆ, ಅಮೃತಚಂದ್ರಸೂರಿಯು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಇನ್ನೂ ಮುಂದೆ ಹೋಗಿ, ಹೊರಗೆ ಯಾವ ಜೀವವೂ ಸಾಯದಿದ್ದರೂ ಪ್ರಮತ್ತನಾದವನು ಮೊದಲು ತನ್ನ ಆತ್ಮವನ್ನೇ ಹಿಂಸಿಸಿಕೊಂಡಿರುತ್ತಾನೆಂಬ ಅಭಿಪ್ರಾಯವನ್ನು ಕೊಡುತ್ತಾನೆ. ಈ ಮಾನದಂಡವನ್ನು ಹಿಡಿದರೆ ಹಿಟ್ಟು, ಮಾಂಸ, ಬೆಳಕಿನ ಚುಕ್ಕೆ ಎಂಬ ಭೇದ ಹಿಂದೆ ಸರಿದು, ನೋಡುವವನು ನೋಡಿದನೋ ಇಲ್ಲವೋ ಎಂಬುದೊಂದೇ ಉಳಿಯುತ್ತದೆ. ಆ ಆಟದಲ್ಲಿ ಎಚ್ಚರವೆಲ್ಲ ಹೆಸರುಳ್ಳವರಿಗೆ ಮೀಸಲು. ಮುಖವಿಲ್ಲದವರ ಮೇಲೆ ಕಣ್ಣು ನಿಲ್ಲದಂತೆಯೇ ಅದನ್ನು ರಚಿಸಿದ್ದಾರೆ. ನಿಂತರೆ ಆಟ ಸಾಗದು. ದೋಷವೆಂಬುದು ಇದ್ದರೆ ಇಲ್ಲಿದೆ ಎಂದು ನನ್ನ ಮತ.

ಈ ದೋಷವನ್ನು ಆ ಹುಡುಗನ ತಲೆಗೆ ಕಟ್ಟುವ ಮುನ್ನ ಅವನ ಹಗಲನ್ನೂ ನೋಡಬೇಕಾಗುತ್ತದೆ. ಕಛೇರಿಯಲ್ಲಿ ಅವನನ್ನೂ ಅವನ ಸಹೋದ್ಯೋಗಿಗಳನ್ನೂ ಕರೆಯುವುದು ‘ರಿಸೋರ್ಸ್’ ಎಂದು. ಇಂತಿಷ್ಟು ರಿಸೋರ್ಸ್ ಬೇಕು, ಇಂತಿಷ್ಟು ಬೆಂಚಿನಲ್ಲಿದ್ದಾರೆ, ಒಬ್ಬ ಬಿಟ್ಟುಹೋದರೆ ವಾರದೊಳಗೆ ಅದೇ ಕುರ್ಚಿಗೆ ಅದೇ ಬಗೆಯ ಇನ್ನೊಬ್ಬ. ಹಗಲೆಲ್ಲ ಪದಾತಿಯಾಗಿದ್ದವನು ರಾತ್ರಿ ಒಂದು ಗಂಟೆ ಗುವಾನ್ ಯು ಆಗಬಯಸಿದರೆ ಅದನ್ನು ಬರಿಯ ಮೋಜೆಂದು ತಳ್ಳಿಹಾಕಲು ನನಗೆ ಮನಸ್ಸಾಗದು. ಬೆಂಗಳೂರಿನಲ್ಲಿಯೇ ಇಂಥ ಆಟಗಳ ಅಂಗೋಪಾಂಗಗಳನ್ನು ರೂಪಿಸುವ ಕೈಗಳೂ ಇವೆ. ರಾಜೇಶ್ ರಾವ್ ಅವರು ಸ್ಥಾಪಿಸಿ 1997ರಿಂದ ಆಟಗಳ ಕೆಲಸ ಮಾಡಿಸುತ್ತಿದ್ದ ಧ್ರುವ ಇಂಟರಾಕ್ಟಿವ್, 2019ರಲ್ಲಿ ರಾಕ್‌ಸ್ಟಾರ್ ಸಂಸ್ಥೆಯ ವಶವಾಗುವವರೆಗೂ, ಹೊರದೇಶಗಳ ದೊಡ್ಡ ಆಟಗಳಿಗೆ ಇಲ್ಲಿಂದ ಚಿತ್ರರೂಪಗಳನ್ನು ಒದಗಿಸುತ್ತಿತ್ತು. ಕಾರು, ಮರ, ಗೋಡೆ, ಉಡುಪು, ಒಂದೊಂದನ್ನೂ ತಿದ್ದಿ ತೀಡಿದ ಕಲಾವಿದನ ಹೆಸರು ಆಟ ಆಡುವವನಿಗೆ ತಿಳಿಯುವುದು ಅಪರೂಪ.

ಎಲೆಕ್ಟ್ರಾನಿಕ್ ಸಿಟಿಯಿಂದ ಕೆಲವೇ ಮೈಲಿ ದೂರದಲ್ಲಿ ಬೇಗೂರಿದೆ. ಅಲ್ಲಿಯ ನಾಗೇಶ್ವರ ದೇವಾಲಯದ ಆವರಣದಲ್ಲಿ, ಸುಮಾರು 890ರದೆಂದು ವಿದ್ವಾಂಸರು ಎಣಿಸುವ ಪುಟ್ಟದೊಂದು ಶಾಸನ, ಗಂಗರ ಕಾಲದ ನಾಗತ್ತರನ ಕಡೆಯವನೊಬ್ಬ ಬೆಂಗಳೂರಿನ ಕಾಳಗದಲ್ಲಿ ಸತ್ತನೆಂದು ಹೇಳುತ್ತದೆ. ಊರಿನ ಹೆಸರು ಅದರಲ್ಲಿ ಬಂದಿದೆಯೆಂದು ಇಂದು ಎಲ್ಲರೂ ಆ ಕಲ್ಲನ್ನು ಕೊಂಡಾಡುತ್ತಾರೆ; ಕಲ್ಲು ನಿಂತದ್ದು ಊರಿಗಾಗಿ ಅಲ್ಲ, ಸತ್ತವನಿಗಾಗಿ. ನಮ್ಮ ವೀರಗಲ್ಲುಗಳು ದನ ಕಾದವನನ್ನೂ, ಹುಲಿಯೊಡನೆ ಸೆಣಸಿದವನನ್ನೂ, ಊರಳಿವಿನಲ್ಲಿ ಬಿದ್ದವನನ್ನೂ ಅರಸನಷ್ಟೇ ಮನಸ್ಸಿಟ್ಟು ಕಂಡರಿಸುತ್ತವೆ: ಕೆಳಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರ ಕೈಹಿಡಿದು ಮೇಲೇರುವಿಕೆ, ಮೇಲ್ಪಟ್ಟಿಯಲ್ಲಿ ಶಿವಸಾನ್ನಿಧ್ಯ. ಒಬ್ಬನ ಒಂದು ಸಾವಿಗೆ ಶಿಲ್ಪಿ ಅಷ್ಟು ದಿನ ಕುಳಿತ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಕೆಲವು ವರ್ಷಗಳಿಂದ ಇಂಥ ಕಲ್ಲುಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ, ಸವೆದ ಅಕ್ಷರಗಳನ್ನು ಗಣಕದ ಪರದೆಯ ಮೇಲೆ ಎತ್ತಿ ತೋರಿಸುತ್ತಿದ್ದಾರೆ. ಆಟದ ಪದಾತಿಗೆ ರೂಪ ಕೊಡುವ ವಿದ್ಯೆಗೆ ಅತಿ ಸಮೀಪದ ವಿದ್ಯೆಯೇ ಇಲ್ಲಿ, ಮರೆತುಹೋದ ಪದಾತಿಯೊಬ್ಬನ ಹೆಸರನ್ನು ಓದಲು ಬಳಕೆಯಾಗುತ್ತಿದೆ.

ಗತಕಾಲವನ್ನು ಹೊಗಳುವ ಭರದಲ್ಲಿ ಒಂದು ಮಾತನ್ನು ಮರೆಯಬಾರದು. ಬೇಗೂರಿನಿಂದಲೇ ಬಂದು ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ದೊಡ್ಡ ವೀರಗಲ್ಲು, ಗಂಗರ ಎರೆಯಪ್ಪನ ಆಜ್ಞೆಯಂತೆ ಅಯ್ಯಪದೇವನ ನೆರವಿಗೆ ಹೋದ ನಾಗತ್ತರನು ತುಂಬೆಪಾಡಿಯಲ್ಲಿ ವೀರಮಹೇಂದ್ರನ ಸೇನೆಯ ಮೇಲೆ ಬಿದ್ದು, ಆನೆಗಳ ನಡುವೆ ಕಾದಿ ಸತ್ತದ್ದನ್ನು ಹೇಳುತ್ತದೆ. ಅವನ ಜಾಗ ಖಾಲಿ ಉಳಿಯಲಿಲ್ಲ. ನಾಗತ್ತರನ ಪಟ್ಟವನ್ನು ಎರೆಯಪ್ಪನು ಇರುಗನಿಗೆ ಕಟ್ಟಿ, ಬೆಂಪೂರು ಹನ್ನೆರಡನ್ನು ಕೊಟ್ಟನು. ಸೇನೆಗೆ ಇನ್ನೊಬ್ಬ ನಾಗತ್ತರ ಬೇಕಿತ್ತು, ಸಿಕ್ಕಿದನು. ಆದರೆ ಶಾಸನದ ಕ್ರಮದಲ್ಲಿ ಸತ್ತವನ ವೃತ್ತಾಂತ ಮೊದಲು ಬರುತ್ತದೆ. ಅದು ಮುಗಿದ ಮೇಲೆಯೇ ಇರುಗನ ಹೆಸರು, ಅವನಿಗೆ ಕೊಟ್ಟ ಊರುಗಳ ಪಟ್ಟಿ.